ಬೆಂಚು ಬೇರೆಯಾದ ಮೇಲೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾಲೇಜು ಶುರುವಾಗಿ ಎರಡು ಮೂರು ತಿಂಗಳಾಗುವ ಹೊತ್ತಿಗೆ ನಮಗೆ ಬರುವ ಪತ್ರಗಳು ಹೆಚ್ಚಾಗಿ ಗೆಳತಿಯರ ಬಗ್ಗೆಯೇ ಇರುತ್ತವೆ. ಈ ಸಲ ಐದನ್ನು ಆರಿಸಿದ್ದೇವೆ. ಹೆಸರು, ಕಾಲೇಜು ತೆಗೆದು ಬಡಾವಣೆಯನ್ನಷ್ಟೇ ಉಳಿಸಿದ್ದೇವೆ.

ಪ್ರಶ್ನೆ: ಐದನೇ ಕ್ಲಾಸಿನಿಂದ ಸೆಕೆಂಡ್ ಪಿಯುಸಿವರೆಗೆ ನಾನೂ ನನ್ನ ಗೆಳತಿಯೂ ಒಂದೇ ಬೆಂಚು. ಈಗ ನಾನು ಮಲ್ಲೇಶ್ವರದಲ್ಲಿ ಬಿ.ಕಾಂ., ಅವಳು ಎಲೆಕ್ಟ್ರಾನಿಕ್ ಸಿಟಿ ಕಡೆ ಎಂಜಿನಿಯರಿಂಗ್, ಅಲ್ಲೇ ಹಾಸ್ಟೆಲ್. ನಾನು ಉದ್ದುದ್ದ ಮೆಸೇಜ್ ಹಾಕಿದರೆ ರಾತ್ರಿ ಒಂದು ಗಂಟೆಗೆ ‘ಹ್ಞೂಂ ಕಣೇ’ ಅಂತ ಉತ್ತರ ಬರುತ್ತದೆ. ಸ್ಟೋರಿ ನೋಡಿದರೆ ಹೊಸ ಫ್ರೆಂಡ್ಸ್ ಜೊತೆ ನಗುತ್ತಿರುತ್ತಾಳೆ. ನಾನೇ ಮೇಲೆ ಬಿದ್ದು ಮಾತಾಡಿಸಬೇಕಾ, ಸುಮ್ಮನಿದ್ದುಬಿಡಲಾ?
— ರಾಜಾಜಿನಗರ

ಉತ್ತರ: ಸುಮ್ಮನಿರಬೇಡ. ಆದರೆ ಉದ್ದದ ಮೆಸೇಜುಗಳನ್ನು ನಿಲ್ಲಿಸು.

ದಿನಕ್ಕೆ ಆರು ಗಂಟೆ, ವರ್ಷಕ್ಕೆ 200 ದಿನ ಅಂತ ಹಿಡಿದರೂ ನೀವಿಬ್ಬರೂ ವರ್ಷಕ್ಕೆ 1,200 ಗಂಟೆ ಅಕ್ಕಪಕ್ಕ ಕೂತಿದ್ದಿರಿ. ಅದಕ್ಕಾಗಿ ಯಾರೂ ದಿನ ಗೊತ್ತುಮಾಡಬೇಕಾಗಿರಲಿಲ್ಲ, ಟೈಮ್‌ಟೇಬಲ್ಲೇ ಮಾಡಿಕೊಡುತ್ತಿತ್ತು. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್, ಹೊಸದಾಗಿ ಊರು ಬದಲಿಸಿದವರನ್ನೂ ಕಾಲೇಜಿನ ಮೊದಲ ವರ್ಷದವರನ್ನೂ ವಿಚಾರಿಸಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರ ಪ್ರಕಾರ ಸುಮಾರು 50 ಗಂಟೆ ಜೊತೆಯಲ್ಲಿ ಕಳೆದ ಮೇಲೆ ಪರಿಚಯವು ಸ್ನೇಹದ ಕಡೆ ತಿರುಗುತ್ತದೆ, ಆಪ್ತಸ್ನೇಹಕ್ಕೆ 200 ಗಂಟೆಗೂ ಹೆಚ್ಚು ಬೇಕಾಗುತ್ತದೆ. ಹಾಸ್ಟೆಲ್ಲಿನಲ್ಲಿ ಒಂದೇ ರೂಮು, ಒಂದೇ ಮೆಸ್ಸು ಅಂದರೆ ಆ 200 ಗಂಟೆ ಎರಡು ತಿಂಗಳೊಳಗೇ ತುಂಬಿಹೋಗುತ್ತದೆ. ಅವಳ ಹೊಸ ಗೆಳತಿಯರು ಹತ್ತಿರವಾದದ್ದು ಹೀಗೆ. ನಿನ್ನನ್ನು ದೂರ ಇಡಬೇಕೆಂದು ಅವಳು ಏನೂ ಮಾಡಿಲ್ಲ. ಮೇಲಾಗಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಶೇ 85 ಹಾಜರಿ ಬೇಕು, ಲ್ಯಾಬ್ ರೆಕಾರ್ಡ್ ಬರೆಯಬೇಕು, ಇಂಟರ್ನಲ್ಸ್ ಬರುತ್ತಲೇ ಇರುತ್ತವೆ. ರಾತ್ರಿ ಒಂದು ಗಂಟೆಯ ‘ಹ್ಞೂಂ’ ಬಹುಪಾಲು ಸುಸ್ತಿನದು.

ಈಗ ಟೈಮ್‌ಟೇಬಲ್ಲಿನ ಕೆಲಸವನ್ನು ನೀವೇ ಮಾಡಿಕೊಳ್ಳಬೇಕು. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಫೋನ್, ತಿಂಗಳಿಗೊಮ್ಮೆ ಭೇಟಿ. ಇಷ್ಟು ಸಾಕು. ಇದಕ್ಕಿಂತ ಹೆಚ್ಚು ಇಟ್ಟುಕೊಂಡರೆ ಮೊದಲ ಇಂಟರ್ನಲ್ಸ್‌ಗೇ ತಪ್ಪಿಹೋಗುತ್ತದೆ, ತಪ್ಪಿದ ಮೇಲೆ ಇಬ್ಬರಿಗೂ ಮುಜುಗರ. ಫೋನಿಗೆ ರಾತ್ರಿ ಬೇಡ, ಆಗ ರೂಮಿನಲ್ಲಿ ಬೇರೆಯವರಿರುತ್ತಾರೆ, ಅವಳು ಬಾಯಿಬಿಟ್ಟು ಮಾತಾಡಲಾರಳು. ಭಾನುವಾರ ತಿಂಡಿಯಾದ ಮೇಲೆ ಹತ್ತೂವರೆ ಒಳ್ಳೆಯ ಹೊತ್ತು. ಮೆಸೇಜು ಹೀಗಿರಲಿ: ‘ಲೇ, ನಿನ್ ಜೊತೆ ಸರಿಯಾಗಿ ಮಾತಾಡಿ ತುಂಬಾ ದಿನ ಆಯ್ತು, ನಂಗೆ ಬೇಜಾರಾಗ್ತಿದೆ. ಈ ಭಾನುವಾರ ಹತ್ತೂವರೆಗೆ ಅರ್ಧ ಗಂಟೆ ಫೋನ್ ಮಾಡ್ಲಾ? ಆಗಲ್ಲ ಅಂದ್ರೆ ಮುಂದಿನ ಭಾನುವಾರ.’ ಇದರಲ್ಲಿ ನಿನ್ನ ಬೇಜಾರು ಇದೆ, ಹೌದು-ಅಲ್ಲ ಎನ್ನಬಹುದಾದ ಒಂದೇ ಪ್ರಶ್ನೆ ಇದೆ, ಆಗದಿದ್ದರೆ ಇನ್ನೊಂದು ದಿನವೂ ಇದೆ. ‘ನೀನು ತುಂಬಾ ಬದಲಾಗಿಬಿಟ್ಟೆ’ ಅಂತ ಶುರುಮಾಡಿದರೆ ಅವಳು ತಾನು ಬದಲಾಗಿಲ್ಲ ಎಂದು ವಾದಿಸುವುದರಲ್ಲೇ ಅರ್ಧ ಗಂಟೆ ಮುಗಿಯುತ್ತದೆ.

ಭೇಟಿಗೆ ಇಬ್ಬರಿಗೂ ನಡುವಿನ ಜಾಗ ಹುಡುಕಿ. ಒಬ್ಬಳೇ ಪ್ರತಿಸಲ ಇಡೀ ಊರು ದಾಟಿ ಬರಬೇಕಾದರೆ ಮೂರನೇ ತಿಂಗಳಿಗೆ ನೆಪಗಳು ಹುಟ್ಟುತ್ತವೆ. 2025ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆಯ ಮೆಟ್ರೋ ಹಳದಿ ಮಾರ್ಗ ಶುರುವಾದದ್ದು ನಿಮಗೆ ಅನುಕೂಲ. ಅವಳು ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮೂರನೆಯ ನಿಲ್ದಾಣ ಲಾಲ್‌ಬಾಗ್. ನೀನು ರಾಜಾಜಿನಗರದಲ್ಲಿ ಹತ್ತಿದರೆ ಅದೇ ಹಸಿರು ಮಾರ್ಗದಲ್ಲಿ ನೇರ ಅಲ್ಲಿಗೇ ಇಳಿಯುತ್ತೀಯ. ಉದ್ಯಾನದೊಳಗೆ ಎರಡು ಗಂಟೆ ಓಡಾಡಿ. ಎದುರುಬದುರು ಕೂತಾಗ ಬಾಯಿಗೆ ಬಾರದ ಮಾತು ಜೊತೆಯಲ್ಲಿ ನಡೆಯುವಾಗ ತಾನಾಗಿ ಬರುತ್ತದೆ. ಆಗಸ್ಟ್ 15 ಮತ್ತು ಜನವರಿ 26ರ ಆಸುಪಾಸು ಮಾತ್ರ ಬೇಡ, ಫಲಪುಷ್ಪ ಪ್ರದರ್ಶನದ ಜನಜಂಗುಳಿಯಲ್ಲಿ ಮಾತು ಕೇಳಿಸದು.

ಹೆಚ್ಚಿನವರು ಎಡವುವುದು ಮಾತಿನ ವಿಷಯದಲ್ಲಿ. ಹಳೇ ಸ್ಕೂಲಿನ ನೆನಪುಗಳು ಮೂರು ನಾಲ್ಕು ಭೇಟಿಗೆ ಬರುತ್ತವೆ, ಆಮೇಲೆ ಅದೇ ಕತೆ, ಅದೇ ನಗು, ಮನೆಗೆ ಬಂದಾಗ ಖಾಲಿ ಅನ್ನಿಸುತ್ತದೆ. ಅದಕ್ಕೇ ಅವಳ ಈಗಿನ ಬದುಕನ್ನು ತಿಳಿದುಕೋ. ರೂಮ್‌ಮೇಟ್ ಹೆಸರೇನು, ಯಾವ ಊರಿನವಳು, ಮೆಸ್ಸಿನ ಊಟ ಹೇಗೆ, ಯಾವ ಸಬ್ಜೆಕ್ಟ್ ತಲೆತಿನ್ನುತ್ತಿದೆ? ಹೊಸ ಗೆಳತಿಯ ಹೆಸರನ್ನು ನೀನಾಗಿ ನೆನಪಿಟ್ಟು ಕೇಳಿದ ದಿನ ಅವಳ ಮನಸ್ಸಿನ ಬಿಗಿ ಸಡಿಲವಾಗುತ್ತದೆ. ನೀನು ಮುನಿಸಿಕೊಳ್ಳುತ್ತೀಯೆಂದು ಆ ಹೆಸರುಗಳನ್ನು ಅವಳು ನಿನ್ನ ಮುಂದೆ ಎತ್ತದೆಯೇ ಇರಬಹುದು.

ಸ್ಟೋರಿ ನೋಡಿ ಸಂಕಟವಾಗುತ್ತಿದ್ದರೆ ಇನ್‌ಸ್ಟಾಗ್ರಾಂನಲ್ಲಿ ಅವಳ ಸ್ಟೋರಿಗಳನ್ನು ಮ್ಯೂಟ್ ಮಾಡು. ಅದು ಅವಳಿಗೆ ಗೊತ್ತಾಗುವುದಿಲ್ಲ. ಅನ್‌ಫಾಲೋ ಮಾಡಬೇಡ, ಅದು ಗೊತ್ತಾದರೆ ವಿವರಿಸಿ ಮುಗಿಯುವುದಿಲ್ಲ. ‘ನಾನು ಸುಮ್ಮನಿದ್ದರೆ ಅವಳಿಗೆ ನೆನಪಾಗುತ್ತಾ ನೋಡೋಣ’ ಎಂಬ ಪರೀಕ್ಷೆಯಂತೂ ಬೇಡವೇ ಬೇಡ. ಪರೀಕ್ಷೆ ನಡೆಯುತ್ತಿದೆ ಎನ್ನುವುದೇ ಗೊತ್ತಿಲ್ಲದವಳು ಅದರಲ್ಲಿ ಪಾಸಾಗುವುದು ಹೇಗೆ?

ಒಂದು ಸೆಮಿಸ್ಟರ್ ಹೀಗೆ ನಡೆಸಿ ನೋಡು. ‘ಈ ಭಾನುವಾರ ಆಗಲ್ಲ, ಬುಧವಾರ ಮಾಡ್ಲಾ?’ ಅಂದರೆ ಸ್ನೇಹ ಚೆನ್ನಾಗಿದೆ. ಬೇರೆ ದಿನ ಹೇಳದೆ ಸತತ ಮೂರು ಸಲ ತಪ್ಪಿಸಿದರೆ ಒಮ್ಮೆ ನೇರವಾಗಿ ಕೇಳು. ಈ ನಡುವೆ ನಿನ್ನ ಕಾಲೇಜಿನಲ್ಲೂ ಒಬ್ಬಳ ಜೊತೆ ಗಂಟೆಗಳನ್ನು ಕೂಡಿಸಲು ಶುರುಮಾಡು. ದಿನಾ ಒಂದೇ ಜಾಗದಲ್ಲಿ ಕೂರು, ಎನ್‌ಎಸ್‌ಎಸ್ ಸೇರು, ಕ್ಲಾಸ್ ಬಿಟ್ಟ ಮೇಲೆ ಸಂಪಿಗೆ ರಸ್ತೆಯಲ್ಲಿ ಜೊತೆಗೆ ನಡೆದು ಬಸ್ ಸ್ಟಾಪಿಗೆ ಹೋಗು. ನಿನ್ನ ದಿನ ತುಂಬಿದ್ದರೆ ಅವಳ ‘ಹ್ಞೂಂ’ ಇಷ್ಟು ಚುಚ್ಚುವುದಿಲ್ಲ.

ಪ್ರಶ್ನೆ: ನಾವು ಮೂವರು. ಅವರಿಬ್ಬರಿಗೆ ಒಂದೇ ಕಾಲೇಜಿನಲ್ಲಿ ಸೀಟು ಸಿಕ್ಕಿತು, ನಾನು ಬೇರೆ. ಮೂವರ ಗ್ರೂಪಿನಲ್ಲಿ ಈಗ ಬರೀ ಹಬ್ಬದ ಶುಭಾಶಯ. ಅವರಿಬ್ಬರೇ ಬೇರೆ ಮಾತಾಡಿಕೊಳ್ಳುತ್ತಾರೆ ಅಂತ ಗೊತ್ತು.
— ವಿಜಯನಗರ

ಉತ್ತರ: ಅವರಿಬ್ಬರೇ ಮಾತಾಡಿಕೊಳ್ಳುವುದನ್ನು ತಡೆಯಲಾಗದು, ತಡೆಯಲೂ ಬಾರದು. ಕ್ಯಾಂಟೀನಿನ ಮಾತು, ಲೆಕ್ಚರರ್ ಮಾತು ಅವರಲ್ಲೇ ಇರುತ್ತದೆ. ಮೂವರ ಗುಂಪೆಂದರೆ ಮೂರು ಜೋಡಿ. ಅದರಲ್ಲಿ ಎರಡು ಜೋಡಿ ನಿನ್ನವು, ಅವೆರಡನ್ನೂ ನೀನು ಗ್ರೂಪಿಗೆ ಬಿಟ್ಟಿದ್ದೀಯ. ಒಬ್ಬೊಬ್ಬಳನ್ನೂ ಬೇರೆ ಬೇರೆಯಾಗಿ ಮಾತಾಡಿಸು. ಒಬ್ಬಳ ಮನೆಗೆ ಹೋಗಿ ಅವಳ ಅಮ್ಮನ ಕೈಯ ಕಾಫಿ ಕುಡಿದು ಬಾ, ಇನ್ನೊಬ್ಬಳ ಜೊತೆ ಗಾಂಧಿ ಬಜಾರಿಗೆ ಹೋಗು. ಒಬ್ಬಳ ಹತ್ತಿರ ಇನ್ನೊಬ್ಬಳ ಬಗ್ಗೆ ದೂರು ಹೇಳಬೇಡ. ಅವರು ದಿನಾ ಸಿಗುತ್ತಾರೆ, ನಿನ್ನ ಮಾತು ಮರುದಿನವೇ ತಲುಪುತ್ತದೆ, ಅದೂ ಸ್ವಲ್ಪ ಬಣ್ಣ ಬದಲಿಸಿ. ಮೂವರೂ ಸೇರುವುದಕ್ಕೆ ವರ್ಷದಲ್ಲಿ ಎರಡು ದಿನ ಮೊದಲೇ ಇಟ್ಟುಕೊಳ್ಳಿ. ಕಾರ್ತಿಕ ಮಾಸದ ಕೊನೆಯ ಸೋಮವಾರದ ಬಸವನಗುಡಿ ಕಡಲೆಕಾಯಿ ಪರಿಷೆ ಅಂಥದ್ದೊಂದು ದಿನ. ಕಾಲೇಜು ಯಾವುದಾದರೂ ಸಂಜೆ ಹೊತ್ತಿಗೆ ಅಲ್ಲಿಗೆ ಬರಬಹುದು.

ಪ್ರಶ್ನೆ: ಮೇಡಂ, ಮಗಳಿಗೂ ಅವಳ ಗೆಳತಿಗೂ ಸಿಇಟಿಯಲ್ಲಿ ರ‍್ಯಾಂಕು ಬಹಳ ವ್ಯತ್ಯಾಸ ಬಂತು. ಆ ಹುಡುಗಿಗೆ ಒಳ್ಳೆಯ ಕಾಲೇಜು ಸಿಕ್ಕಿತು. ಅವತ್ತಿನಿಂದ ಇವಳು ಅವಳ ಫೋನೂ ತೆಗೆಯುತ್ತಿಲ್ಲ. ನಾನೇನು ಮಾಡಲಿ?
— ಜೆ.ಪಿ. ನಗರ, ತಾಯಿ

ಉತ್ತರ: ‘ಅವಳಿಗೆಷ್ಟು ಬಂತಂತೆ?’ ಎಂಬ ಪ್ರಶ್ನೆಯನ್ನು ಮನೆಯಿಂದ ತೆಗೆದುಹಾಕಿ. ನೀವು ಕೇಳದಿದ್ದರೂ ಅಜ್ಜಿ, ಸೋದರತ್ತೆ, ಪಕ್ಕದ ಮನೆಯವರು ಕೇಳುತ್ತಾರೆ. ಮಗಳ ಎದುರಿಗೇ ಅವರನ್ನು ನಿಲ್ಲಿಸುವುದು ನಿಮ್ಮ ಕೆಲಸ. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕಕ್ಕೆ ಅರ್ಧ ತೂಕ, ಸಿಇಟಿ ಅಂಕಕ್ಕೆ ಅರ್ಧ. ಮಧ್ಯದ ರ‍್ಯಾಂಕುಗಳಲ್ಲಿ ಕೆಲವೇ ಅಂಕಗಳಿಗೆ ಸಾವಿರಾರು ಸ್ಥಾನ ಆಚೀಚೆಯಾಗುತ್ತದೆ. ಇದನ್ನು ಮಗಳಿಗೆ ಒಂದು ಸಲ ಹೇಳಿ, ಪದೇಪದೇ ಬೇಡ. ಅವಳ ಪರವಾಗಿ ಆ ಹುಡುಗಿಗೆ ನೀವು ಫೋನ್ ಮಾಡಬೇಡಿ, ಹದಿನೆಂಟರ ಹುಡುಗಿಗೆ ಅದಕ್ಕಿಂತ ಅವಮಾನವಿಲ್ಲ. ‘ಕಂಗ್ರಾಟ್ಸ್ ಕಣೇ, ನಂಗೆ ಸ್ವಲ್ಪ ದಿನ ಬೇಕು, ನಾನೇ ಫೋನ್ ಮಾಡ್ತೀನಿ’ ಅಂತ ಒಂದು ಸಾಲು ಬರೆದರೆ ಸಾಕೆಂದು ಮಗಳಿಗೆ ಹೇಳಿಕೊಡಿ. ಹೊಟ್ಟೆಕಿಚ್ಚು ಪಡಬೇಡವೆಂದು ಬುದ್ಧಿ ಹೇಳುವುದಕ್ಕಿಂತ ಆ ಸಾಲು ಹೆಚ್ಚು ಕೆಲಸ ಮಾಡುತ್ತದೆ.

ಪ್ರಶ್ನೆ: ಪಿಜಿಯಲ್ಲಿದ್ದೇನೆ. ಊರಿನ ಗೆಳತಿಗೆ ಬ್ರೇಕಪ್ ಆಗಿದೆ. ಪ್ರತಿರಾತ್ರಿ ಎರಡು ಗಂಟೆವರೆಗೆ ಫೋನಿನಲ್ಲಿ ಅದೇ ಮಾತು. ಬೆಳಿಗ್ಗೆ ಮೊದಲ ಪೀರಿಯಡ್ ತಪ್ಪುತ್ತಿದೆ. ಇಡಲಾ ಅಂದರೆ ‘ನೀನೂ ಹೀಗೇನಾ’ ಅನ್ನುತ್ತಾಳೆ.
— ಚಂದ್ರಾ ಲೇಔಟ್

ಉತ್ತರ: ಅವಳು ನಿನ್ನನ್ನು ನಂಬಿದ್ದಾಳೆ, ಅದು ದೊಡ್ಡದು. ಆದರೆ ಒಂದೇ ನೋವನ್ನು ಇಬ್ಬರೂ ಸೇರಿ ರಾತ್ರಿಯಿಡೀ ಕೆದಕುವುದು ಇಬ್ಬರಿಗೂ ಒಳ್ಳೆಯದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಅಮಾಂಡಾ ರೋಸ್ ಈ ಅಭ್ಯಾಸದ ಬಗ್ಗೆ 2002ರಲ್ಲಿ ಬರೆದರು. ಹೀಗೆ ಮಾತಾಡಿಕೊಳ್ಳುವವರ ನಡುವೆ ಆಪ್ತತೆ ಹೆಚ್ಚಿರುತ್ತದೆ, ಖಿನ್ನತೆ ಮತ್ತು ಆತಂಕದ ಲಕ್ಷಣಗಳೂ ಹೆಚ್ಚಿರುತ್ತವೆ, ಮತ್ತು ಈ ಅಭ್ಯಾಸ ಹುಡುಗರಿಗಿಂತ ಹುಡುಗಿಯರಲ್ಲಿ ಜಾಸ್ತಿ.

ಫೋನನ್ನು ರಾತ್ರಿ ಒಂಬತ್ತಕ್ಕೆ ತಂದುಕೋ. ಶುರುವಿನಲ್ಲೇ ಹೇಳು: ‘ಹತ್ತು ಗಂಟೆವರೆಗೂ ನಾನು ನಿನ್ ಜೊತೆ ಇದೀನಿ, ಆಮೇಲೆ ಮಲಗಬೇಕು.’ ಕೊನೆಯಲ್ಲಿ ಹೇಳಿದರೆ ಅದು ತಳ್ಳಿದಂತೆ ಕೇಳಿಸುತ್ತದೆ. ಮೊದಲ ಇಪ್ಪತ್ತು ನಿಮಿಷ ಅವನ ಮಾತು ಬರಲಿ, ಅಡ್ಡ ಬರಬೇಡ. ಆಮೇಲೆ ‘ಇವತ್ತು ಊಟ ಏನ್ ಮಾಡಿದೆ, ನಾಳೆ ಎಷ್ಟೊತ್ತಿಗೆ ಏಳ್ತೀಯ, ಏನ್ ಕೆಲಸ ಇದೆ?’ ಅಂತ ನಾಳೆಯ ಕಡೆಗೆ ತಿರುಗಿಸು. ಅವನ ಪ್ರೊಫೈಲ್ ನೋಡಿ ಸುದ್ದಿ ತಂದುಕೊಡುವ ಕೆಲಸ ಮಾತ್ರ ಮಾಡಬೇಡ. ಒಂದು ಸ್ಕ್ರೀನ್‌ಶಾಟ್ ಒಂದು ವಾರದ ನೆಮ್ಮದಿ ಕೆಡಿಸುತ್ತದೆ. ಮೊದಲ ಎರಡು ಮೂರು ದಿನ ಅವಳಿಗೆ ಕೋಪ ಬರಬಹುದು. ಹೇಳಿದ ಹೊತ್ತಿಗೆ ತಪ್ಪದೆ ನೀನೇ ಫೋನ್ ಮಾಡಿದರೆ ಅದು ಇಳಿಯುತ್ತದೆ.

ಇನ್ನೊಂದನ್ನು ಗಮನವಿಟ್ಟು ಓದು. ಬದುಕಿ ಏನು ಪ್ರಯೋಜನ ಅನ್ನುವುದು, ಊಟ ನಿದ್ದೆ ಪೂರಾ ಬಿಡುವುದು, ತನ್ನ ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ಕೊನೆಯ ಮಾತಿನಂತೆ ಮೆಸೇಜ್ ಕಳಿಸುವುದು, ಇವುಗಳಲ್ಲಿ ಒಂದು ಕಂಡರೂ ‘ಯಾರಿಗೂ ಹೇಳಬೇಡ’ ಎಂಬ ಆಣೆ ಅಲ್ಲಿಗೆ ಮುಗಿಯಿತು. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವಳ ಮನೆಯಲ್ಲಿ ನಂಬಿಕೆಯ ಒಬ್ಬ ಹಿರಿಯರಿಗೆ ಆಗಲೇ ತಿಳಿಸು. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು, ಅವಳಿಗಾಗಿ ನೀನೂ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ ನಮ್ಮ ನಿಮ್ಹಾನ್ಸ್ ಮಾರ್ಗದರ್ಶನವಿದೆ. ಅಪಾಯ ಆ ಕ್ಷಣದ್ದಾದರೆ 112.

ಪ್ರಶ್ನೆ: ಹಳೇ ಗೆಳತಿಯರು ವಾರ ವಾರ ಮಾಲ್, ಕೆಫೆ ಅನ್ನುತ್ತಾರೆ. ಒಂದು ಸಲಕ್ಕೆ ಐನೂರು ರೂಪಾಯಿ ಕೊಡುವ ಶಕ್ತಿ ನನಗಿಲ್ಲ. ಮೈ ಹುಷಾರಿಲ್ಲ ಅಂತ ತಪ್ಪಿಸಿಕೊಳ್ಳುತ್ತಿದ್ದೇನೆ. ಸ್ನೇಹ ಮುಗಿದ ಹಾಗೆಯೇ ಅಲ್ಲವೇ?
— ಯಶವಂತಪುರ

ಉತ್ತರ: ಇನ್ನೂ ಮುಗಿದಿಲ್ಲ, ಆದರೆ ಸುಳ್ಳು ನೆಪಗಳಿಂದ ಮುಗಿಯುತ್ತದೆ. ನಾಲ್ಕನೇ ಸಲ ಹುಷಾರಿಲ್ಲ ಅಂದಾಗ ನಿನಗೆ ಅವರು ಬೇಡವಾಗಿದ್ದಾರೆ ಎಂದೇ ಅವರು ತಿಳಿಯುತ್ತಾರೆ. ಮೊತ್ತವನ್ನು ಹೇಳಿಬಿಡು: ‘ಈ ತಿಂಗಳು ನನ್ ಹತ್ರ ನೂರೈವತ್ತಿದೆ, ಅಷ್ಟರಲ್ಲಿ ಎಲ್ಲಿಗೆ ಹೋಗೋಣ?’ ಹೇಳುವುದರ ಜೊತೆಗೆ ಜಾಗವನ್ನೂ ನೀನೇ ಸೂಚಿಸು, ಇಲ್ಲದಿದ್ದರೆ ಮಾತು ಮತ್ತೆ ಮಾಲಿಗೇ ಹೋಗುತ್ತದೆ. ಕಬ್ಬನ್ ಪಾರ್ಕಿಗೆ ಪ್ರವೇಶ ಶುಲ್ಕವಿಲ್ಲ, ಭಾನುವಾರ ಒಳಗಿನ ರಸ್ತೆಗಳಲ್ಲಿ ವಾಹನವೂ ಇಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ, ವಜ್ರದಂಥ ಎ.ಸಿ. ಬಸ್ಸುಗಳಿಗೆ ಮಾತ್ರ ಇದು ನಡೆಯುವುದಿಲ್ಲ. ಹೋಟೆಲಿಗೆ ಹೋದರೆ ಬಿಲ್ಲನ್ನು ಸಮನಾಗಿ ಹಂಚುವುದು ಬೇಡ, ಅವರವರು ತಿಂದದ್ದಕ್ಕೆ ಅವರವರು ಕೊಡೋಣ ಎಂದು ಆರ್ಡರ್ ಮಾಡುವ ಮುಂಚೆಯೇ ಹೇಳು. ಬಿಲ್ ಬಂದ ಮೇಲೆ ಹೇಳುವುದು ಕಷ್ಟ.

ಮೊತ್ತ ಹೇಳಿದ ಮೇಲೂ ಒಬ್ಬಳೂ ನಿನ್ನ ಜೊತೆ ಪಾರ್ಕಿಗೆ ಬರಲಿಲ್ಲವೆಂದರೆ ಮತ್ತೆ ಬರೆ. ಒಬ್ಬಳು ಬಂದರೂ ಮುಂದಿನ ತಿಂಗಳ ದಿನವನ್ನು ಅಲ್ಲೇ, ಹೊರಡುವ ಮುಂಚೆ, ಗೊತ್ತುಮಾಡಿಕೊಂಡು ಬಾ.