ಜಗಳ ಶುರುವಾದ ಕೂಡಲೇ ಇವರು ಬಾಯಿ ಮುಚ್ಚಿಕೊಂಡು ಬಿಡುತ್ತಾರೆ

ಪ್ರಶ್ನೆ: ಮದುವೆಯಾಗಿ ಒಂಬತ್ತು ವರ್ಷವಾಯಿತು. ಏನಾದರೂ ಬಗೆಹರಿಸಿಕೊಳ್ಳೋಣ ಅಂತ ಮಾತಿಗೆ ಕೂತರೆ ನನ್ನ ಗಂಡ ಐದು ನಿಮಿಷಕ್ಕೆ ಸುಮ್ಮನಾಗಿಬಿಡುತ್ತಾರೆ. ನಾನು ಕೇಳಿದಷ್ಟೂ ಗೋಡೆ ನೋಡುತ್ತಾರೆ, ಇಲ್ಲ ಎದ್ದು ಹೋಗುತ್ತಾರೆ. ಅವರಿಗೆ ನನ್ನ ಮೇಲೆ ಅಕ್ಕರೆಯೇ ಇಲ್ಲ ಅನ್ನಿಸುತ್ತದೆ. ನಾನೇ ಜಾಸ್ತಿ ಮಾತಾಡ್ತೀನಾ?
– ಹೆಸರು ಬೇಡ

ಉತ್ತರ: ಇಲ್ಲ, ತಪ್ಪನ್ನು ಪೂರ್ತಿ ನಿಮ್ಮ ತಲೆ ಮೇಲೆ ಹಾಕಿಕೊಳ್ಳಬೇಡಿ. ಅಕ್ಕರೆ ಇಲ್ಲ ಅಂತ ಈಗಲೇ ತೀರ್ಮಾನಕ್ಕೂ ಬರಬೇಡಿ. ಒಬ್ಬರು ಬೆನ್ನು ಹತ್ತುವುದು, ಇನ್ನೊಬ್ಬರು ಜಾರಿಕೊಳ್ಳುವುದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಅವರು ಸುಮ್ಮನಾದರು ಅಂತ ನೀವು ಇನ್ನೊಂದು ಸಲ ಕೇಳುತ್ತೀರಿ, ನೀವು ಕೇಳಿದಿರಿ ಅಂತ ಅವರು ಇನ್ನಷ್ಟು ಮುದುಡುತ್ತಾರೆ, ಶುರು ಮಾಡಿದ್ದು ಯಾರು ಅಂದರೆ ಇಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತೀರಿ, ಅಲ್ವಾ? ಮನಶ್ಶಾಸ್ತ್ರಜ್ಞರಾದ ಕ್ರಿಸ್ಟೆನ್ಸೆನ್ ಮತ್ತು ಹೆವಿ 1990ರಲ್ಲಿ ಇದನ್ನೇ ಅಧ್ಯಯನ ಮಾಡಿದರು. ಹೆಂಡತಿಗೆ ಬೇಕಾದ ಬದಲಾವಣೆಯ ಮಾತು ಬಂದಾಗ ಗಂಡ ಹಿಂದೆ ಸರಿಯುವುದು ಎದ್ದು ಕಾಣುತ್ತಿತ್ತು. ಗಂಡನಿಗೆ ಬೇಕಾದ ಬದಲಾವಣೆಯ ಮಾತು ಬಂದಾಗ ಆ ವ್ಯತ್ಯಾಸ ಉಳಿಯಲಿಲ್ಲ. ಹಾಗಾಗಿ 'ಗಂಡಸರೇ ಹೀಗೆ' ಅಂತ ಕೈಬಿಡುವುದು ಸರಿಯಲ್ಲ. ಬದಲಾವಣೆ ಯಾರಿಗೆ ಬೇಕೋ ಅವರಿಗೆ ಮಾತು ಬೇಕು.

ಗೋಡೆ ನೋಡುತ್ತಾ ಕೂತವರ ಮೈಯೊಳಗೆ ತಣ್ಣಗಿರುತ್ತದೆ ಅಂದುಕೊಳ್ಳಬೇಡಿ. ಜಾನ್ ಗಾಟ್‌ಮನ್ ಮತ್ತು ರಾಬರ್ಟ್ ಲೆವೆನ್ಸನ್ ಗಂಡ ಹೆಂಡಿರನ್ನು ಪ್ರಯೋಗಾಲಯದಲ್ಲಿ ಕೂರಿಸಿ, ವಾದ ಮಾಡುವಾಗ ಅವರ ಎದೆಬಡಿತ ಅಳೆದವರು. ನಿಮಿಷಕ್ಕೆ 100 ದಾಟಿತು ಅಂದರೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದು ಕಷ್ಟ ಎನ್ನುತ್ತಾರೆ ಗಾಟ್‌ಮನ್. ಆಗ ಕನಿಷ್ಠ 20 ನಿಮಿಷ ಬಿಡುವು ಕೊಡಿ ಅನ್ನುವುದು ಅವರ ಸಲಹೆ. ಆ ಬಿಡುವಿನಲ್ಲಿ 'ಬರಲಿ, ಹೀಗೆ ಕೇಳ್ತೀನಿ' ಅಂತ ಮನಸ್ಸಲ್ಲೇ ಜಗಳ ಮುಂದುವರಿಸಿದರೆ ಏನೂ ಉಪಯೋಗವಿಲ್ಲ. ಮತ್ತೆ, ಎದ್ದು ಹೋಗುವವರು ಯಾವಾಗ ವಾಪಸ್ ಬರುತ್ತೇನೆ ಅಂತ ಹೇಳಿ ಹೋಗಬೇಕು, ಹೇಳಿದ ಹಾಗೆ ಬರಲೂ ಬೇಕು. ಇದು ನಿಮ್ಮ ಗಂಡನ ಪಾಲಿನ ಕೆಲಸ, ಇದನ್ನು ಜಗಳವಿಲ್ಲದ ದಿನ ಅವರಿಗೆ ನೇರವಾಗಿ ಹೇಳಿ.

ನಿಮ್ಮ ಪಾಲಿಗೆ ಬರುವುದು ಮೊದಲ ಮಾತು. ಅದು ಹೇಗೆ ಹೊರಡುತ್ತದೋ ಸಾಮಾನ್ಯವಾಗಿ ಜಗಳವೂ ಹಾಗೇ ಮುಗಿಯುತ್ತದೆ. 'ನಿಮಗೆ ಯಾವತ್ತೂ ಜವಾಬ್ದಾರಿನೇ ಇಲ್ಲ' ಅಂದರೆ ಅದು ಅವರ ಸ್ವಭಾವಕ್ಕೇ ಬಿದ್ದ ಏಟು. 'ನಿನ್ನೆ ಅಮ್ಮನ ಮಾತ್ರೆ ತರ್ತೀನಿ ಅಂದಿದ್ರಿ, ತರಲಿಲ್ಲ. ರಾತ್ರಿಯೆಲ್ಲಾ ನಂಗೆ ಭಯ ಆಯ್ತು' ಅಂದರೆ ಉತ್ತರ ಕೊಡಲು ಅವರಿಗೆ ಜಾಗ ಸಿಗುತ್ತದೆ.

ಒಂದು ಮಾತು ಮಾತ್ರ ಖಂಡಿತ. ಈ ಮೌನ ದಿನಗಟ್ಟಲೆ ನಡೆಯುವ ಶಿಕ್ಷೆಯಾಗಿದ್ದರೆ, ಅಥವಾ ಅವರ ಎದುರು ಬಾಯಿ ಬಿಡಲು ನಿಮಗೆ ಹೆದರಿಕೆಯಾಗುತ್ತಿದ್ದರೆ, ಮೇಲೆ ಹೇಳಿದ್ದು ಯಾವುದೂ ಸಾಲದು. ನಂಬಿಕಸ್ಥರಿಗೆ ಹೇಳಿ, ಆಪ್ತ ಸಮಾಲೋಚಕರನ್ನು ನೋಡಿ.

ಪ್ರಶ್ನೆ: ಏಳು ವರ್ಷದ ಮಗಳಿಗೆ ಚಿತ್ರ ಬಿಡಿಸುವುದೆಂದರೆ ಪ್ರಾಣ. ಇನ್ನೂ ಹುರುಪು ಬರಲಿ ಅಂತ ಒಂದೊಂದು ಚಿತ್ರಕ್ಕೆ ಒಂದೊಂದು ಉಡುಗೊರೆ ಕೊಟ್ಟೆವು. ಈಗ 'ಬಿಡಿಸಿದ್ರೆ ಏನು ಕೊಡ್ತೀಯ?' ಅನ್ನುತ್ತಾಳೆ. ಕೊಡಲ್ಲ ಅಂದರೆ ಬಣ್ಣದ ಡಬ್ಬಿ ಮುಟ್ಟುವುದೇ ಇಲ್ಲ.
– ಒಬ್ಬ ತಂದೆ

ಉತ್ತರ: ನೀವು ಒಳ್ಳೆಯದಕ್ಕೇ ಮಾಡಿದ್ದು. ಆದರೆ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಇದೇ ಆಯಿತು. ಚಿತ್ರ ಬಿಡಿಸುವ ಆಸೆ ಮೊದಲೇ ಇದ್ದ ಶಿಶುವಿಹಾರದ ಮಕ್ಕಳನ್ನು ಆರಿಸಿ, ಕೆಲವರಿಗೆ 'ಬಿಡಿಸಿದರೆ ಬಹುಮಾನ' ಅಂತ ಮೊದಲೇ ಹೇಳಿದರು. ವಾರ ಎರಡು ವಾರ ಬಿಟ್ಟು ನೋಡಿದರೆ, ಬಿಡುವಿನ ಹೊತ್ತಲ್ಲಿ ಆ ಮಕ್ಕಳು ಚಿತ್ರಕ್ಕೆ ಕೊಡುತ್ತಿದ್ದ ಸಮಯ ಉಳಿದವರದ್ದಕ್ಕಿಂತ ಸುಮಾರು ಅರ್ಧ. ಮುಂಚೆ ಹೇಳದೆ ಬಹುಮಾನ ಕೊಟ್ಟ ಮಕ್ಕಳ ಆಸೆ ಕುಗ್ಗಲಿಲ್ಲ. ಅಂದರೆ ತೊಂದರೆ ಕೊಟ್ಟಿದ್ದು ಷರತ್ತು.

ಉಡುಗೊರೆ ನಿಲ್ಲಿಸಿ, ಯಾಕೆ ನಿಲ್ಲಿಸಿದೆವು ಅಂತ ಅವಳಿಗೂ ಹೇಳಿ. ಬಣ್ಣದ ಡಬ್ಬಿ ಕಣ್ಣಿಗೆ ಬೀಳುವಲ್ಲಿರಲಿ, ಬಿಡಿಸು ಅಂತ ಹೇಳಲು ಹೋಗಬೇಡಿ. ಬಿಡಿಸಿದ ದಿನ ಸುಮ್ನೆ 'ಸೂಪರ್' ಅಂದು ಮುಗಿಸದೆ, ಪಕ್ಕ ಕೂತು 'ಈ ನಾಯಿಗೆ ಯಾಕೆ ನೀಲಿ ಬಾಲ?' ಅಂತ ಕೇಳಿ. ಕೆಲವು ವಾರ ಹಿಡಿದೀತು, ಅವಸರ ಬೇಡ. ಹಾಸಿಗೆ ಮಡಚುವಂಥ ಬೇಜಾರಿನ ಕೆಲಸಕ್ಕೆ ಆಗೊಮ್ಮೆ ಈಗೊಮ್ಮೆ ಏನಾದರೂ ಕೊಟ್ಟರೆ ಇಷ್ಟು ಹಾಳಾಗುವುದಿಲ್ಲ, ಕಳೆದುಕೊಳ್ಳಲು ಅಲ್ಲಿ ಆಸೆಯೇ ಇರುವುದಿಲ್ಲವಲ್ಲ.

ಪ್ರಶ್ನೆ: ಗೆಳೆಯನಿಗೆ ಕುಡಿತ ಬಿಡು ಅಂತ ಎಷ್ಟು ಬುದ್ಧಿ ಹೇಳಿದರೂ ಕೇಳುವುದಿಲ್ಲ. ಹೇಳಿದ ದಿನ ಇನ್ನೂ ಜಾಸ್ತಿ ಕುಡಿಯುತ್ತಾನೆ.

ಉತ್ತರ: ಹಾಗಾದರೆ ಬುದ್ಧಿ ಹೇಳುವುದನ್ನು ನಿಲ್ಲಿಸಿ. ವಿಲಿಯಂ ಮಿಲ್ಲರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಲಹೆ ಕೊಡುವವರು ಹೆಚ್ಚು ಎದುರುಬಿದ್ದು ವಾದಿಸಿದಷ್ಟೂ ಆ ವ್ಯಕ್ತಿ ವರ್ಷದ ನಂತರ ಹೆಚ್ಚು ಕುಡಿಯುತ್ತಿದ್ದದ್ದು ಕಂಡುಬಂತು. ಅವನು ಕುಡಿಯದೆ ಇರುವ ಹೊತ್ತು ನೋಡಿ ಒಂದು ಪ್ರಶ್ನೆ ಕೇಳಿ: 'ಬಿಡಬೇಕು ಅನ್ನೋದು ನಿಂಗೆ ಹತ್ತಕ್ಕೆ ಎಷ್ಟು ಮುಖ್ಯ?' ಮೂರು ಅಂದರೆ, 'ಯಾಕೆ ಒಂದಲ್ಲ, ಮೂರು?' ಅನ್ನಿ. ಆಗ ಬಿಡಬೇಕಾದ ಕಾರಣ ಅವನ ಬಾಯಿಂದಲೇ ಬರುತ್ತದೆ. ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿ. ದಿನಾ ಜಾಸ್ತಿ ಕುಡಿಯುವವನಾದರೆ ಒಮ್ಮೆಲೇ ನಿಲ್ಲಿಸುವುದು ಅಪಾಯ, ವೈದ್ಯರ ಹತ್ತಿರ ನೀವೂ ಜೊತೆಗೆ ಹೋಗಿ.