ತಿಂಗಳ ಕಾರು ಲೆಕ್ಕ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ತಿಂಗಳ ಒಂದನೇ ತಾರೀಖು ಬಂತೆಂದರೆ ಕಾರು ಕಂಪನಿಗಳು ಹಿಂದಿನ ತಿಂಗಳ ಮಾರಾಟದ ಅಂಕಿ ಬಿಡುಗಡೆ ಮಾಡುತ್ತವೆ. ಅದರ ಬೆನ್ನಿಗೇ ಯಾರು ನಂಬರ್ ಒನ್, ಯಾರು ಕುಸಿದರು ಅನ್ನುವ ಪಟ್ಟಿಗಳು ಮೊಬೈಲಿಗೆ ಬರುತ್ತವೆ. ಈ ಸಲ ಅದೇ ವಿಷಯದ ಪತ್ರಗಳು ಜಾಸ್ತಿ ಬಂದಿವೆ, ಎಲ್ಲವೂ ಮಲೆನಾಡಿನ ಕಡೆಯವು. ಹಾಗಾಗಿ ಈ ಅಂಕಣ ಪೂರ್ತಿ ಕಾರಿಗೇ ಮೀಸಲು.

ಸರ್, ಒಂದೇ ತಿಂಗಳ ಬಗ್ಗೆ ಎರಡು ಸುದ್ದಿ ಓದಿದೆ. ಒಂದರಲ್ಲಿ ಕಾರು ಮಾರಾಟ ಹೆಚ್ಚುಕಡಿಮೆ ಹೋದ ವರ್ಷದಷ್ಟೇ ಇದೆ ಅಂತ, ಇನ್ನೊಂದರಲ್ಲಿ ಭಾರಿ ಕುಸಿತ ಅಂತ. ಯಾವುದನ್ನು ನಂಬೋದು?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಎರಡನ್ನೂ ನಂಬಿ. ಎರಡೂ ಬೇರೆ ಬೇರೆ ಲೆಕ್ಕ, ಅಷ್ಟೇ. ನೀವು ಬೆಳೆಗಾರರು, ನಿಮಗೆ ಇದು ಬೇಗ ಅರ್ಥವಾಗುತ್ತದೆ. ಅಡಿಕೆ ಮೂಟೆ ಮಂಡಿಗೆ ಹೋಗಿ ಬಿದ್ದಿದ್ದು ಬೇರೆ, ಅದು ಮಾರಾಟವಾಗಿ ದುಡ್ಡು ಬಂದಿದ್ದು ಬೇರೆ ಅಲ್ವಾ? ಕಂಪನಿಗಳು ಒಂದನೇ ತಾರೀಖಿಗೆ ಹೇಳುವುದು ಮೊದಲನೆಯ ಲೆಕ್ಕ. ಕಾರ್ಖಾನೆಯಿಂದ ಡೀಲರ್‌ಗೆ ಎಷ್ಟು ಕಾರು ಕಳಿಸಿದೆವು ಅನ್ನುವುದು. ತಯಾರಕರ ಸಂಘ ಸಿಯಾಮ್ ಕೂಡ ಇದನ್ನೇ ಕೂಡಿಸಿ ಪ್ರಕಟಿಸುತ್ತದೆ. ಡೀಲರ್‌ಗಳ ಒಕ್ಕೂಟವಾದ ಫಾಡಾ ಕೊಡುವುದು ಎರಡನೆಯ ಲೆಕ್ಕ. ಆರ್‌ಟಿಒದಲ್ಲಿ ನೋಂದಣಿಯಾದ ಕಾರುಗಳದ್ದು, ಅಂದರೆ ನಿಜವಾಗಿ ಗಿರಾಕಿಯ ಮನೆಗೆ ಹೋದದ್ದು.

ಈ ಎರಡರ ನಡುವೆ ಎಷ್ಟು ದೂರ ಇರಬಹುದು ಅನ್ನುವುದಕ್ಕೆ 2024ರ ಸೆಪ್ಟೆಂಬರ್ ನೋಡಿ. ಡೀಲರ್‌ಗಳಿಗೆ ಹೋದ ಪ್ರಯಾಣಿಕ ವಾಹನ (ಕಾರು, ಎಸ್‌ಯುವಿ, ವ್ಯಾನ್ ಎಲ್ಲ ಸೇರಿ) ಸುಮಾರು 3.57 ಲಕ್ಷ, ಹಿಂದಿನ ವರ್ಷಕ್ಕಿಂತ ಶೇ. 1ರಷ್ಟು ಮಾತ್ರ ಕಡಿಮೆ. ನೋಂದಣಿಯಾದದ್ದು ಸುಮಾರು 2.76 ಲಕ್ಷ, ಅಂದರೆ ಶೇ. 19ರಷ್ಟು ಕಡಿಮೆ! ನೋಂದಣಿ ಲೆಕ್ಕದಲ್ಲಿ ಆಗ ತೆಲಂಗಾಣ ಸೇರಿರಲಿಲ್ಲ, ಅದನ್ನು ಸೇರಿಸಿಕೊಂಡು ನೋಡಿದರೂ ಅಂತರ ದೊಡ್ಡದೇ. ಉಳಿದ ಕಾರುಗಳು ಎಲ್ಲಿ ಹೋದವು? ಡೀಲರ್‌ಗಳ ಯಾರ್ಡಿನಲ್ಲಿ ನಿಂತವು. ಆ ತಿಂಗಳು ದೇಶದ ಡೀಲರ್‌ಗಳ ಬಳಿ 80ರಿಂದ 85 ದಿನ ಮಾರುವಷ್ಟು ದಾಸ್ತಾನು ಇತ್ತು, ಅದರ ಮೌಲ್ಯ ಸುಮಾರು 79,000 ಕೋಟಿ ರೂಪಾಯಿ ಅಂತ ಫಾಡಾ ಹೇಳಿತ್ತು. ಅವರು ಬಯಸುವುದು 21 ದಿನದ ದಾಸ್ತಾನು. ಆ ಕಾರುಗಳ ಮೇಲಿನ ಬ್ಯಾಂಕ್ ಬಡ್ಡಿ ಕಟ್ಟುವವರು ಕಂಪನಿಯವರಲ್ಲ, ನಮ್ಮ ಊರಿನ ಡೀಲರ್‌ಗಳು. ಇದು ನನಗೆ ನ್ಯಾಯ ಅನಿಸುವುದಿಲ್ಲ. ಆದರೆ ಕೊಳ್ಳುವವರಿಗೆ ಇದರಲ್ಲಿ ಒಂದು ಸೂಚನೆ ಇದೆ. ಕಳಿಸಿದ ಲೆಕ್ಕ ಮೇಲಿದ್ದು ನೋಂದಣಿ ಲೆಕ್ಕ ಕೆಳಗಿದ್ದರೆ ಶೋರೂಮಿನಲ್ಲಿ ಚೌಕಾಸಿಗೆ ಜಾಗ ಇದೆ ಅಂತ ತಿಳಿಯಿರಿ, ಸುಮ್ನೆ ಹೇಳಿದ ರೇಟಿಗೆ ಹೂಂ ಅನ್ನಬೇಡಿ.

ಇನ್ನೊಂದು ಮಾತು. ಆ ಸೆಪ್ಟೆಂಬರಿನ ಕೊನೆಯ ಭಾಗ ಪೂರ್ತಿ ಪಿತೃಪಕ್ಷ. ನಮ್ಮಲ್ಲಿ ಪಕ್ಷದಲ್ಲಿ ಯಾರು ಹೊಸ ಗಾಡಿ ತರುತ್ತಾರೆ? ಹಬ್ಬದ ಲೆಕ್ಕ ಚಾಂದ್ರಮಾನದ್ದು, ಕಂಪನಿಯ ಲೆಕ್ಕ ಇಂಗ್ಲಿಷ್ ಕ್ಯಾಲೆಂಡರಿನದ್ದು. 2023ರಲ್ಲಿ ದೀಪಾವಳಿ ನವೆಂಬರ್ 12ರ ಹೊತ್ತಿಗೆ ಬಂದಿತ್ತು, 2024ರಲ್ಲಿ ಅಕ್ಟೋಬರ್ ಕೊನೆಗೇ ಬಂತು. ಹಾಗಾಗಿ 2024ರ ಅಕ್ಟೋಬರಿನಲ್ಲಿ ನೋಂದಣಿ ಶೇ. 32 ಏರಿತು, ನವೆಂಬರಿನಲ್ಲಿ ಸುಮಾರು ಶೇ. 14 ಇಳಿಯಿತು. ಒಂದು ತಿಂಗಳು ಜಯಭೇರಿ, ಮರು ತಿಂಗಳು ಕುಸಿತ ಅಂತ ಸುದ್ದಿ. ಎರಡು ತಿಂಗಳನ್ನೂ ಕೂಡಿಸಿ ನೋಡಿದರೆ ಏರಿಕೆ ಸುಮಾರು ಶೇ. 9. ನಿಜವಾದ ಚಿತ್ರ ಅದು. ಶ್ರಾವಣದಿಂದ ದೀಪಾವಳಿವರೆಗಿನ ಯಾವ ತಿಂಗಳನ್ನೂ ಒಂಟಿಯಾಗಿ ಹೋಲಿಸಲೇಬೇಡಿ.

ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಪಂಚ್ ಅಂತ ನಾನು, ವ್ಯಾಗನ್ ಆರ್ ಅಂತ ನಮ್ಮ ಭಾವ. ಪಂದ್ಯ ಕಟ್ಟಿದ್ದೇವೆ. ತೀರ್ಪು ಕೊಡಿ. ಕಂಪನಿಗಳಲ್ಲಿ ಎರಡನೇ ಸ್ಥಾನ ಯಾರದ್ದು ಅನ್ನುವುದನ್ನೂ ಹೇಳಿ.
— ಓದುಗರು, ಸಾಗರ

ಪಂದ್ಯದ ದುಡ್ಡು ಹಂಚಿಕೊಳ್ಳಿ. 2024ನೇ ಇಸವಿ, ಅಂದರೆ ಜನವರಿಯಿಂದ ಡಿಸೆಂಬರ್ ನೋಡಿದರೆ ಟಾಟಾ ಪಂಚ್ 2.02 ಲಕ್ಷದೊಂದಿಗೆ ಮೊದಲು. ಮಾರುತಿಯ ಕಾರಲ್ಲದೆ ಬೇರೆ ಕಂಪನಿಯದ್ದೊಂದು ಮೊದಲ ಸ್ಥಾನಕ್ಕೆ ಬಂದದ್ದು ಸುಮಾರು ನಾಲ್ಕು ದಶಕದ ನಂತರ, ಅದು ಸಣ್ಣ ವಿಷಯ ಅಲ್ಲ. ಆದರೆ 2024-25ರ ಹಣಕಾಸು ವರ್ಷ, ಅಂದರೆ ಏಪ್ರಿಲ್‌ನಿಂದ ಮಾರ್ಚ್ ನೋಡಿದರೆ ವ್ಯಾಗನ್ ಆರ್ 1.98 ಲಕ್ಷದೊಂದಿಗೆ ಮೊದಲು. ಮೂರು ತಿಂಗಳು ಆಚೀಚೆ ಸರಿಸಿದರೆ ಕಿರೀಟ ಬೇರೆಯವರ ತಲೆಗೆ ಹೋಗುತ್ತದೆ. ಹಾಗಾಗಿ ಒಂದು ತಿಂಗಳ ನಂಬರ್ ಒನ್ ಪಟ್ಟಕ್ಕೆ ನಾನು ದೊಡ್ಡ ಬೆಲೆ ಕೊಡುವುದಿಲ್ಲ.

ಕಂಪನಿಗಳ ವಿಷಯದಲ್ಲಿ ಮೊದಲ ಸ್ಥಾನ ಮಾರುತಿಯದ್ದೇ, ಮಾರುಕಟ್ಟೆಯ ಸುಮಾರು ಶೇ. 40. ಜಟಾಪಟಿ ಇರುವುದು ಅದರ ಕೆಳಗೆ. 2024-25ರಲ್ಲಿ ದೇಶದೊಳಗೆ ಹ್ಯುಂಡೈ ಸುಮಾರು 5.99 ಲಕ್ಷ, ಮಹೀಂದ್ರಾ 5.51 ಲಕ್ಷ, ಟಾಟಾ ಕೂಡ ಹತ್ತಿರ ಹತ್ತಿರ ಅಷ್ಟೇ. 2025ರ ತಿಂಗಳುಗಳಲ್ಲಿ ಈ ಎರಡನೇ ಸ್ಥಾನ ಮೂವರ ನಡುವೆ ಓಡಾಡಿತು. ಇದರಲ್ಲಿ ನನಗೆ ವಿಶೇಷ ಅನಿಸುವುದು ಮಹೀಂದ್ರಾ. ಅವರು ಈಗ ಹ್ಯಾಚ್‌ಬ್ಯಾಕ್ ಮಾಡುವುದಿಲ್ಲ, ಸೆಡಾನ್ ಮಾಡುವುದಿಲ್ಲ. ಬೊಲೆರೊ, ಸ್ಕಾರ್ಪಿಯೊ, ಥಾರ್, ಎಕ್ಸ್‌ಯುವಿಯಂಥ ಎಸ್‌ಯುವಿಗಳನ್ನೇ ಮಾರಿ ಆ ಜಾಗಕ್ಕೆ ಬಂದಿದ್ದಾರೆ. ಜೀಪಿನ ಮೇಲೇ ಬದುಕು ನಡೆಸಿದ ನಮ್ಮ ಘಟ್ಟದ ಸೀಮೆಯವರಿಗೆ ಇದು ಖುಷಿಯ ವಿಷಯವೇ.

ಪಟ್ಟಿ ಓದುವಾಗ ಮೂರು ಕಡೆ ಎಚ್ಚರ ಇರಲಿ. ‘ಒಟ್ಟು ಮಾರಾಟ’ ಅಂದಾಗ ರಫ್ತು ಕೂಡ ಸೇರಿರುತ್ತದೆ. ಮಾರುತಿಯ 2024-25ರ ಒಟ್ಟು 22.3 ಲಕ್ಷದಲ್ಲಿ 3.3 ಲಕ್ಷ ವಿದೇಶಕ್ಕೆ ಹೋದದ್ದು. ಬಲೆನೊ ಕಾರನ್ನೇ ಗ್ಲಾಂಜಾ ಹೆಸರಿನಲ್ಲಿ, ಎರ್ಟಿಗಾವನ್ನೇ ರೂಮಿಯನ್ ಹೆಸರಿನಲ್ಲಿ ಟೊಯೋಟಾ ಮಾರುತ್ತದೆ, ಅವು ಟೊಯೋಟಾ ಲೆಕ್ಕಕ್ಕೆ ಹೋಗುತ್ತವೆ. ಇನ್ನು ಸ್ಕಾರ್ಪಿಯೊ ಅಂತ ಒಂದೇ ಸಾಲಿನಲ್ಲಿ ಬರುವುದು ಸ್ಕಾರ್ಪಿಯೊ-ಎನ್ ಮತ್ತು ಹಳೆಯ ಕ್ಲಾಸಿಕ್ ಎರಡೂ ಸೇರಿ. ಬೇರೆ ಬೇರೆ ಕಾರುಗಳು, ಹೆಸರು ಮಾತ್ರ ಒಂದು.

ನಮ್ಮ ಅಪ್ಪಯ್ಯನಿಗೆ ಸಣ್ಣ ಕಾರು ಬೇಕು. ಈಗ ಸಣ್ಣ ಕಾರು ಯಾರೂ ತಗೊಳ್ಳಲ್ಲ, ಎಲ್ಲರೂ ಎಸ್‌ಯುವಿ, ಮುಂದೆ ಮಾರೋಕೆ ಹೋದರೆ ಬೆಲೆ ಬರಲ್ಲ ಅಂತಾನೆ ತಮ್ಮ. ಹೌದಾ?
— ಓದುಗಿ, ಹೊಸನಗರ ತಾಲ್ಲೂಕು

ತಮ್ಮ ಹೇಳಿದ್ದರಲ್ಲಿ ಅರ್ಧ ಸರಿ ಇದೆ. 2018-19ರಲ್ಲಿ ದೇಶದಲ್ಲಿ ‘ಪ್ಯಾಸೆಂಜರ್ ಕಾರು’ ಮಾರಾಟವಾದದ್ದು ಸುಮಾರು 22 ಲಕ್ಷ, ‘ಯುಟಿಲಿಟಿ ವಾಹನ’, ಅಂದರೆ ಎಸ್‌ಯುವಿಯಂಥವು, ಸುಮಾರು 9.4 ಲಕ್ಷ. 2024-25ಕ್ಕೆ ಬಂದರೆ ಲೆಕ್ಕ ತಿರುಗಾ ಮುರುಗಾ: ಕಾರು 13.5 ಲಕ್ಷ, ಯುಟಿಲಿಟಿ ಸುಮಾರು 28 ಲಕ್ಷ. ನೂರರಲ್ಲಿ 65 ಗಾಡಿ ಯುಟಿಲಿಟಿ.

ಆದರೆ ಈ ಯುಟಿಲಿಟಿ ಚೀಲದೊಳಗೆ ಏನೇನು ತುಂಬಿದ್ದಾರೆ ನೋಡಿ. 2021ರಲ್ಲಿ ಬಂದ ಪಂಚ್ ಉದ್ದ 3,827 ಮಿಲಿಮೀಟರ್. ಸ್ವಿಫ್ಟ್ ಉದ್ದ 3,860. ಆ ಪಂಚ್ ಸ್ವಿಫ್ಟ್‌ಗಿಂತ ಗಿಡ್ಡ, ಆದರೂ ಪಟ್ಟಿಯಲ್ಲಿ ಪಂಚ್ ಯುಟಿಲಿಟಿ, ಸ್ವಿಫ್ಟ್ ಕಾರು. ಬಲೆನೊ ಕಾರು, ಅದರ ಅಡಿಪಾಯದ ಮೇಲೇ ಕಟ್ಟಿದ ಫ್ರಾಂಕ್ಸ್ ಯುಟಿಲಿಟಿ. ಏಳು ಸೀಟಿನ ಎರ್ಟಿಗಾ ಕೂಡ ಅಲ್ಲಿಯೇ, ಫಾರ್ಚೂನರ್ ಕೂಡ ಅಲ್ಲಿಯೇ. ವ್ಯಾನ್ ಅನ್ನುವ ಇನ್ನೊಂದು ವಿಭಾಗ ಇದೆ, ಅದು ಹೆಚ್ಚುಕಡಿಮೆ ಈಕೋ ಒಂದೇ. ಅಂದರೆ ಜನ ಸಣ್ಣ ಗಾಡಿ ಬಿಟ್ಟು ದೊಡ್ಡದಕ್ಕೆ ಹೋದರು ಅನ್ನುವುದು ಪೂರ್ತಿ ನಿಜ ಅಲ್ಲ. ಸಣ್ಣ ಗಾಡಿಯೇ ಸ್ವಲ್ಪ ಎತ್ತರವಾಗಿ ನಿಂತು ಬೇರೆ ಹೆಸರಿನ ಸಾಲಿಗೆ ಹೋಗಿದೆ. ನಿಜವಾಗಿ ಕರಗಿದ್ದು ಆಲ್ಟೊ, ಎಸ್-ಪ್ರೆಸ್ಸೊದಂಥ ಅತಿ ಚಿಕ್ಕ ಕಾರುಗಳ ಮಾರಾಟ. ವ್ಯಾಗನ್ ಆರ್ ದೇಶದಲ್ಲೇ ಮೊದಲ ಸ್ಥಾನಕ್ಕೆ ಬಂದ ವರ್ಷದಲ್ಲಿ ‘ಯಾರೂ ತಗೊಳ್ಳಲ್ಲ’ ಅನ್ನುವ ಮಾತು ನಿಲ್ಲುವುದಿಲ್ಲ. ಇಷ್ಟು ಜನ ಕೊಳ್ಳುವ ಕಾರಿಗೆ ಸೆಕೆಂಡ್ ಹ್ಯಾಂಡ್ ಗಿರಾಕಿಯೂ ಸಿಗುತ್ತಾರೆ, ಬಿಡಿಭಾಗವೂ ಸಿಗುತ್ತದೆ.

ತೆರಿಗೆಯವರ ಸಾಲೇ ಬೇರೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. ಉದ್ದ 4 ಮೀಟರ್ ಒಳಗೆ, ಎಂಜಿನ್ ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗೆ ಇದ್ದರೆ ಶೇ. 18. ಮುಂಚೆ ಸೆಸ್ ಸೇರಿ 29ರಿಂದ 31 ಇತ್ತು. ಅದಕ್ಕಿಂತ ದೊಡ್ಡದಕ್ಕೆ ಶೇ. 40. ಮಾರಾಟದ ಪಟ್ಟಿಯಲ್ಲಿ ಬ್ರೆಜಾ, ನೆಕ್ಸಾನ್ ಎರಡೂ ‘ಕಾಂಪ್ಯಾಕ್ಟ್ ಎಸ್‌ಯುವಿ’ ಅಂತ ಅಕ್ಕಪಕ್ಕ ಕೂತಿರುತ್ತವೆ, ಎರಡರ ಉದ್ದವೂ 3,995 ಮಿಲಿಮೀಟರ್. ಆದರೆ ಬ್ರೆಜಾದ ಪೆಟ್ರೋಲ್ ಎಂಜಿನ್ 1,462 ಸಿಸಿ, ಆದ್ದರಿಂದ ಅದಕ್ಕೆ 40. ನೆಕ್ಸಾನ್ ಪೆಟ್ರೋಲ್ 1,199 ಸಿಸಿ, ಅದಕ್ಕೆ 18. ಬೊಲೆರೊ ಕೂಡ 18ರ ಒಳಗೆ ಬರುತ್ತದೆ. ಹಾಗಾಗಿ 2025ರ ಸೆಪ್ಟೆಂಬರ್‌ಗಿಂತ ಹಿಂದಿನ ತಿಂಗಳುಗಳನ್ನು ಅದರ ನಂತರದ ತಿಂಗಳುಗಳ ಜೊತೆ ಹೋಲಿಸುವಾಗ, ಒಂದು ಮಾಡೆಲ್ ಏರಿದ್ದಕ್ಕೆ ಜನರ ಮನಸ್ಸು ಬದಲಾದದ್ದು ಕಾರಣವೋ ಬೆಲೆ ಇಳಿದದ್ದು ಕಾರಣವೋ ಅಂತ ಕೇಳಿಕೊಳ್ಳಲೇಬೇಕು.

ಅಪ್ಪಯ್ಯನ ವಿಷಯಕ್ಕೆ ಬರುತ್ತೇನೆ. ನಿಮ್ಮ ಮನೆಗೆ ಟಾರು ರಸ್ತೆ ಇದೆಯಾ, ಕೊನೆಯ ಅರ್ಧ ಕಿಲೋಮೀಟರ್ ಮಣ್ಣಿನ ದಾರಿಯಾ? ಮಣ್ಣಿನ ದಾರಿಯಾದರೆ, ಮಳೆಗಾಲದಲ್ಲಿ ನಡುವೆ ದಿಬ್ಬ ಎದ್ದು ಚಕ್ರದ ಜಾಗ ಗುಂಡಿ ಬೀಳುತ್ತದೆ. ಅಲ್ಲಿ ನೆಲದಿಂದ ಗಾಡಿಯ ಹೊಟ್ಟೆಗೆ ಎಷ್ಟು ಎತ್ತರ ಅನ್ನುವುದೇ ಮುಖ್ಯ. ಸ್ವಿಫ್ಟ್‌ದು 163 ಮಿಲಿಮೀಟರ್, 2021ರಲ್ಲಿ ಬಂದ ಪಂಚ್‌ದು 187. ಈ ಎರಡೂವರೆ ಸೆಂಟಿಮೀಟರ್ ಯಾವ ಮಾರಾಟದ ಪಟ್ಟಿಯಲ್ಲೂ ಕಾಣುವುದಿಲ್ಲ, ಹೊಸನಗರದ ಜುಲೈಯಲ್ಲಿ ಕಾಣುತ್ತದೆ. ಟಾರು ರಸ್ತೆ ಬಾಗಿಲ ತನಕ ಇದ್ದರೆ ಅವರು ಕೇಳಿದ ಸಣ್ಣ ಕಾರನ್ನೇ ಕೊಡಿಸಿ. ಓಡಿಸುವವರು ಅವರು, ತಮ್ಮ ಅಲ್ಲ.

ಒಂದು ಕಂಪನಿಯ ಮಾರಾಟ ಶೇ. 200 ಏರಿದೆಯಂತೆ. ಅಷ್ಟು ಒಳ್ಳೆಯ ಕಾರಾ?
— ಕಾಲೇಜು ವಿದ್ಯಾರ್ಥಿ, ಕೊಪ್ಪ

ಹೋದ ವರ್ಷ ಇದೇ ತಿಂಗಳು 200 ಕಾರು ಮಾರಿ ಈ ವರ್ಷ 600 ಮಾರಿದರೂ ಶೇ. 200 ಏರಿಕೆಯೇ. ಶೇಕಡಾ ನೋಡುವ ಮೊದಲು ಸಂಖ್ಯೆ ನೋಡಿ. ಎಲ್ಲಿಂದ ಏರಿತು ಅನ್ನುವುದು ಮುಖ್ಯ. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಇದ್ದುದರಿಂದ ಮಾರುತಿಯಂಥ ಕಂಪನಿಯೇ ದೇಶದೊಳಗೆ ಸೊನ್ನೆ ಮಾರಾಟ ತೋರಿಸಿತ್ತು. ಮರು ವರ್ಷದ ಏಪ್ರಿಲ್ ಅನ್ನು ಅದರ ಜೊತೆ ಹೋಲಿಸಿ ಶೇಕಡಾ ಹೇಳಲು ಆಗುವುದೇ ಇಲ್ಲ.

ದೇಶದ ಲೆಕ್ಕ ಸಾಕು. ನಮ್ಮ ಶಿವಮೊಗ್ಗದಲ್ಲಿ ಯಾವ ಕಂಪನಿ ಜಾಸ್ತಿ ಹೋಗುತ್ತಿದೆ ಅಂತ ತಿಳಿಯೋದು ಹೇಗೆ?
— ನಿವೃತ್ತ ಕಾರ್ಮಿಕರು, ಭದ್ರಾವತಿ

ಈ ಸಲದ ಅತಿ ಒಳ್ಳೆಯ ಪ್ರಶ್ನೆ ನಿಮ್ಮದು. ಕೇಂದ್ರ ಸಾರಿಗೆ ಇಲಾಖೆಯ ವಾಹನ್ ಡ್ಯಾಶ್‌ಬೋರ್ಡ್ ಎಲ್ಲರಿಗೂ ತೆರೆದಿದೆ, ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಡ. ಅದರಲ್ಲಿ ರಾಜ್ಯ ಕರ್ನಾಟಕ ಆರಿಸಿ, ಆಮೇಲೆ ಆರ್‌ಟಿಒ ಆರಿಸಿ. ಭದ್ರಾವತಿ ಸೇರಿದಂತೆ ನಿಮ್ಮದು ಕೆಎ-14, ಸಾಗರದ್ದು ಕೆಎ-15, ಆಚೆ ಚಿಕ್ಕಮಗಳೂರಿನದ್ದು ಕೆಎ-18. ಒಂದು ಕಡೆ ತಯಾರಕರು, ಇನ್ನೊಂದು ಕಡೆ ತಿಂಗಳು ಅಂತ ಹಾಕಿದರೆ ಪಟ್ಟಿ ಬರುತ್ತದೆ.

ವಾಹನದ ವರ್ಗದಲ್ಲಿ ಮೋಟರ್ ಕಾರ್ ಅನ್ನುವುದನ್ನು ಆರಿಸುವುದು ಮರೆಯಬೇಡಿ. ಇಲ್ಲದಿದ್ದರೆ ಮಹೀಂದ್ರಾ ಸಾಲಿನಲ್ಲಿ ಪಿಕಪ್ಪು ಕೂಡ ಸೇರಿಕೊಂಡು ಅವರ ಕಾರಿನ ಲೆಕ್ಕ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಟಾಟಾ, ಮಹೀಂದ್ರಾ ಎರಡಕ್ಕೂ ಎಲೆಕ್ಟ್ರಿಕ್ ಕಾರಿನ ಕಂಪನಿ ಬೇರೆ ಹೆಸರಿನಲ್ಲಿ ಇದೆ, ಆ ಸಾಲುಗಳನ್ನು ನೀವೇ ಕೂಡಿಸಬೇಕು. ಇದರಲ್ಲಿ ಕಂಪನಿ ಗೊತ್ತಾಗುತ್ತದೆ, ಮಾಡೆಲ್ ಗೊತ್ತಾಗುವುದಿಲ್ಲ. ಬೆಂಗಳೂರಿನಲ್ಲಿ ಮಕ್ಕಳು ನೋಂದಣಿ ಮಾಡಿಸಿ ಊರಿಗೆ ತಂದುಬಿಟ್ಟ ಕಾರುಗಳೂ ಇಲ್ಲಿ ಸಿಗುವುದಿಲ್ಲ, ಮಲೆನಾಡಿನ ಮನೆಯಂಗಳದಲ್ಲಿ ಅಂಥವು ಬೇಕಾದಷ್ಟಿವೆ.

ಒಂದು ಜಿಲ್ಲೆಯ ಒಂದು ತಿಂಗಳು ತೀರಾ ಸಣ್ಣ ಲೆಕ್ಕ, ಹತ್ತಿಪ್ಪತ್ತು ಕಾರು ಆಚೀಚೆ ಆದರೂ ಸ್ಥಾನ ಬದಲಾಗುತ್ತದೆ. ಹನ್ನೆರಡು ತಿಂಗಳು ಒಟ್ಟಿಗೆ ನೋಡಿ. ಕೊಳೆ ರೋಗ, ಎಲೆಚುಕ್ಕಿ ರೋಗ ತೋಟವನ್ನು ತಿಂದ ವರ್ಷ ಕಾರು ಮುಂದಕ್ಕೆ ಹೋಗುತ್ತದೆ, ಅಡಿಕೆಗೆ ಧಾರಣೆ ಬಂದಾಗ ಶೋರೂಮಿನಲ್ಲಿ ಜನ ಕಾಣುತ್ತಾರೆ. ದೆಹಲಿಯಲ್ಲಿ ಕೂತು ಬರೆದ ವರದಿಯಲ್ಲಿ ಇದು ಬರುವುದಿಲ್ಲ. ಹನ್ನೆರಡು ತಿಂಗಳಲ್ಲಿ ನಿಮ್ಮ ಆರ್‌ಟಿಒದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಹೋಗಿರುವ ಕಂಪನಿ ಅಂದರೆ ಸರ್ವಿಸ್‌ಗೆ ಎಲ್ಲಿಗೆ ಹೋಗಬೇಕು ಅಂತ ಮೊದಲೇ ಕೇಳಿ ತಿಳಿದುಕೊಳ್ಳಿ.

ಡಿಸೆಂಬರಿನಲ್ಲಿ ಆಫರ್ ಜಾಸ್ತಿ ಅಂತಾರೆ. ತಗೊಳ್ಳಲಾ, ಜನವರಿಗೆ ಕಾಯಲಾ?
— ಶಿಕ್ಷಕಿ, ಶೃಂಗೇರಿ

ಎಂಟು ಹತ್ತು ವರ್ಷ ಇಟ್ಟುಕೊಳ್ಳುವುದಾದರೆ ಡಿಸೆಂಬರ್. ಆ ತಿಂಗಳು ಡೀಲರ್‌ಗೆ ಹಳೆಯ ಇಸವಿಯ ದಾಸ್ತಾನು ಖಾಲಿ ಮಾಡಬೇಕಿರುತ್ತದೆ, ಜನವರಿಯಲ್ಲಿ ಕಂಪನಿಗಳು ಬೆಲೆ ಏರಿಸುವುದೂ ರೂಢಿ. ಮೂರ್ನಾಲ್ಕು ವರ್ಷಕ್ಕೇ ಮಾರುವ ಯೋಚನೆ ಇದ್ದರೆ ಜನವರಿ, ಯಾಕೆಂದರೆ ಮಾರುವಾಗ ತಯಾರಿಕೆಯ ಇಸವಿ ಕೇಳುತ್ತಾರೆ. ಹಣ ಕಟ್ಟುವ ಮೊದಲು ಕಾರು ತಯಾರಾದ ತಿಂಗಳು ಯಾವುದು ಅಂತ ಬರಹದಲ್ಲಿ ಕೇಳಿ. ಯಾರ್ಡಿನಲ್ಲಿ ಮಳೆಗಾಲ ಪೂರ್ತಿ ನಿಂತ ಗಾಡಿಯಾದರೆ ಬ್ಯಾಟರಿ, ಟೈರು ಪರೀಕ್ಷಿಸಿ, ಆ ಮೇಲೆ ರಿಯಾಯಿತಿಯ ಮಾತಾಡಿ.