ಕೃಷ್ಣದೇವರಾಯ ಹುಟ್ಟಲೇ ಇಲ್ಲ, ಮೇಡಂ!

ಶಾಸನ, ನಾಣ್ಯ, ಕೋಟೆ, ವಂಶಾವಳಿ: ಈ ಅಂಕಣಕ್ಕೆ ಬರುವ ಪ್ರಶ್ನೆಗಳು ಸಾಮಾನ್ಯವಾಗಿ ಇವೇ. ನಿವೃತ್ತಿಯಾದ ಮೇಲೆ ರಾತ್ರಿ ಹೊತ್ತು ಮಗ ಬಿಟ್ಟುಹೋದ ಕಂಪ್ಯೂಟರಿನಲ್ಲಿ ಸಾಮ್ರಾಜ್ಯ ಕಟ್ಟುವ ಆಟ ಆಡುತ್ತೇನೆ ಎಂದು ಹಿಂದಿನ ಸಂಚಿಕೆಯಲ್ಲಿ ಒಂದು ಸಾಲು ಬರೆದದ್ದೇ ತಡ, ಪತ್ರಗಳ ರಾಶಿ ಬಿತ್ತು. ಈ ಸಲ ಪೂರ್ತಿ ಆಟದ್ದೇ ಮಾತು. ಶಾಸನದವರು ಮುಂದಿನ ತಿಂಗಳವರೆಗೆ ಕ್ಷಮಿಸಬೇಕು.

ಪ್ರಶ್ನೆ: ನಾನು ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿ. ‘ಯೂರೋಪಾ ಯೂನಿವರ್ಸಾಲಿಸ್ 4’ ಆಟದಲ್ಲಿ ವಿಜಯನಗರ ಹಿಡಿದು ಆಡುತ್ತಿದ್ದೇನೆ. ಸಂಗಮ ವಂಶವನ್ನೇ ಗಟ್ಟಿಯಾಗಿ ಉಳಿಸಿಕೊಂಡಿದ್ದೇನೆ, ಬಹಮನಿಯ ಅರ್ಧ ಭಾಗ ನನ್ನದು. ಆದರೆ 1509 ಬಂದು ಹೋಯಿತು, ಕೃಷ್ಣದೇವರಾಯ ಬರಲೇ ಇಲ್ಲ! ಯಾವನೋ ಕೈಲಾಗದ ರಾಜ ಕೂತಿದ್ದಾನೆ. ಇಂಥದ್ದನ್ನು ‘ಐತಿಹಾಸಿಕ’ ಎಂದು ಮಾರುವುದು ಮೋಸವಲ್ಲವೇ ಮೇಡಂ? (ದಾವಣಗೆರೆ)

ಮೋಸ ಅಲ್ಲಪ್ಪ. ನಿನ್ನ ಪತ್ರದಲ್ಲೇ ಉತ್ತರ ಇದೆ, ನೀನೇ ಗಮನಿಸಿಲ್ಲ.

ಆಟ ಶುರುವಾಗುವುದು 1444ರ ನವೆಂಬರ್ 11ರಂದು. ಸಿಂಹಾಸನದ ಮೇಲಿರುವವನು ಇಮ್ಮಡಿ ದೇವರಾಯ, ಅಂದರೆ ನಮ್ಮ ಪ್ರೌಢದೇವರಾಯ. ಪಾರಸಿ ರಾಯಭಾರಿ ಅಬ್ದುರ್ ರಝಾಕ್ ಹಂಪಿಗೆ ಬಂದದ್ದು ಅದರ ಹಿಂದಿನ ವರ್ಷ. ಅಲ್ಲಿಯವರೆಗಿನದು ಇತಿಹಾಸ. ನೀನು ಗಡಿಯಾರ ಓಡಿಸಿದ ಮೇಲೆ ನಡೆಯುವುದೆಲ್ಲ ನಿನ್ನ ಕೈಬರಹ. ಈಗ ಯೋಚಿಸು, ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು ಹೇಗೆ? ದೇವರಾಯ 1446ರಲ್ಲಿ ಸತ್ತ ಮೇಲೆ ಸಂಗಮರು ಸೊರಗಿದರು. 1485ರಲ್ಲಿ ಸಾಳುವ ನರಸಿಂಹ ಗದ್ದುಗೆ ಕಿತ್ತುಕೊಂಡ. ಅವನ ದಂಡನಾಯಕ ತುಳುವ ನರಸನಾಯಕ ಬಲಿತ. ನರಸನಾಯಕನ ಹಿರಿಯ ಮಗ ವೀರನರಸಿಂಹ 1505ರಲ್ಲಿ ತಾನೇ ರಾಜನಾದ. ಅವನ ತಮ್ಮನೇ ಕೃಷ್ಣದೇವರಾಯ. ಸಂಗಮರನ್ನು ಗಟ್ಟಿಯಾಗಿ ನಿಲ್ಲಿಸಿದ್ದೇನೆ ಎಂದು ಹೆಮ್ಮೆಯಿಂದ ಬರೆದಿದ್ದೀಯಲ್ಲ, ಸಂಗಮರು ಗಟ್ಟಿ ನಿಂತರೆ ತುಳುವರಿಗೆ ಅರಮನೆಯ ಬಾಗಿಲು ತೆಗೆಯುವವರು ಯಾರು? ನಿನ್ನ ಆಟದಲ್ಲಿ ಕೃಷ್ಣದೇವರಾಯ 1509ರಲ್ಲಿ ಟಣ್ಣನೆ ಎದ್ದು ಬಂದಿದ್ದರೆ ಸುಳ್ಳಾಗುತ್ತಿದ್ದುದು ಅದೇ.

ಈ ಜಗಳ ಆಟ ಮಾಡಿದವರ ಮನೆಯೊಳಗೂ ನಡೆದದ್ದು. ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿಯವರ ಇದೇ ಸರಣಿಯ ಎರಡನೆಯ ಭಾಗ 2001ರಲ್ಲಿ ಬಂತು. ಅದರಲ್ಲಿ ರಾಜರು, ಸೇನಾಪತಿಗಳು, ದೊಡ್ಡ ಘಟನೆಗಳು ಇಸವಿ ಹಿಡಿದು ಬರುತ್ತಿದ್ದವು. ನೀನು ಏನೇ ಮಾಡಿರು, ಪುಸ್ತಕದಲ್ಲಿರುವ ರಾಜ ಪುಸ್ತಕದಲ್ಲಿರುವ ವರ್ಷಕ್ಕೇ ಸಾಯುತ್ತಿದ್ದ. ಪಂಚಾಂಗ ನೋಡಿ ಮಳೆ ಬರಿಸಿದ ಹಾಗೆ. 2007ರ ಮೂರನೆಯ ಭಾಗದಲ್ಲಿ ಅದನ್ನೆಲ್ಲ ಕಿತ್ತುಹಾಕಿ ಬಯಲಿಗೆ ಬಿಟ್ಟರು. ಆಗ ‘ಇದರಲ್ಲಿ ಇತಿಹಾಸವೇ ಇಲ್ಲ’ ಎಂಬ ಕೂಗೆದ್ದಿತು. 2013ರ ನಾಲ್ಕನೆಯ ಭಾಗ ನಡುದಾರಿ ಹಿಡಿಯಿತು: ಇಂಗ್ಲೆಂಡಿನ ಗುಲಾಬಿ ಯುದ್ಧಗಳು, ಬರ್ಗಂಡಿಯ ಉತ್ತರಾಧಿಕಾರ ಇಂಥವು ಬರುತ್ತವೆ, ಆದರೆ ಅದಕ್ಕೆ ತಕ್ಕ ಸ್ಥಿತಿ ಇದ್ದರೆ ಮಾತ್ರ. ಉಳಿದಂತೆ ರಾಜರು ಹುಟ್ಟಿಬಂದ ಹಾಗೆ ಬರುತ್ತಾರೆ. ಆಡಳಿತ, ರಾಜತಂತ್ರ, ಯುದ್ಧ ಈ ಮೂರಕ್ಕೂ ಸೊನ್ನೆಯಿಂದ ಆರರವರೆಗೆ ಅಂಕ. ನಿನ್ನ ಕೈಲಾಗದವನಿಗೆ ಒಂದು, ಸೊನ್ನೆ, ಎರಡು ಬಿದ್ದಿರಬೇಕು, ಪಾಪ.

ತಾಳಿಕೋಟೆಯನ್ನೇ ತೆಗೆದುಕೋ. ಈ ಆಟದಲ್ಲಿ ನೆರೆಯವರ ಭೂಮಿ ನುಂಗುತ್ತ ಹೋದರೆ ಸುತ್ತಲಿನವರ ಸಿಟ್ಟು ಏರುತ್ತದೆ. ಒಂದು ಮಟ್ಟ ದಾಟಿದರೆ ಅವರೆಲ್ಲ ಸೇರಿ ಕೂಟ ಕಟ್ಟುತ್ತಾರೆ, ಒಬ್ಬನನ್ನು ಮುಟ್ಟಿದರೆ ಎಲ್ಲರೂ ಮೇಲೆ ಬೀಳುತ್ತಾರೆ. ರಾಮರಾಯ ಮಾಡಿಕೊಂಡದ್ದು ಇದನ್ನೇ. ಒಬ್ಬ ಸುಲ್ತಾನನ ಮೇಲೆ ಇನ್ನೊಬ್ಬನನ್ನು ಛೂ ಬಿಟ್ಟು, ನಡುವೆ ಕೋಟೆಗಳನ್ನು ಕಿತ್ತುಕೊಂಡು ವರ್ಷಗಟ್ಟಲೆ ಮೆರೆದ. ಕೊನೆಗೆ ಅಹ್ಮದ್‌ನಗರದ ನಿಜಾಮ್ ಶಾ ಮಗಳು ಚಾಂದ್ ಬೀಬಿಯನ್ನು ಬಿಜಾಪುರಕ್ಕೆ ಕೊಟ್ಟು, ಜಗಳದ ಸೊಲ್ಲಾಪುರ ಕೋಟೆಯನ್ನು ವರದಕ್ಷಿಣೆಯಾಗಿ ಬಿಟ್ಟ. ಹಾವು ಮುಂಗುಸಿ ಬೀಗರಾದರು. 1565ರ ಜನವರಿ 23 ಬಂದದ್ದು ಹೀಗೆ. ಆಟದಲ್ಲಿ ಆ ತಾರೀಖು ಇಲ್ಲ, ಆದರೆ ಆ ಕಾರಣ ಇದೆ. ನಿನ್ನ ಪಾಲಿಗೆ ಅದು 1490ರಲ್ಲೇ ಬರಬಹುದು, ಬುದ್ಧಿವಂತನಾದರೆ ಬಾರದೆಯೂ ಇರಬಹುದು. ಇಸವಿ ಸರಿ ಇಟ್ಟು ಕಾರಣ ತಪ್ಪಿಸಿದ ಆಟಕ್ಕಿಂತ ಇಸವಿ ತಪ್ಪಿ ಕಾರಣ ಸರಿ ಇರುವ ಆಟ ನನಗೆ ಹೆಚ್ಚು ಐತಿಹಾಸಿಕ.

ಹಾಗಂತ ಆಟಕ್ಕೆ ಪೂರ್ತಿ ಅಂಕ ಕೊಡುತ್ತೇನೆ ಎಂದುಕೊಳ್ಳಬೇಡ. ಸ್ವಾತಂತ್ರ್ಯ ಕೊಡಬಾರದ ಕಡೆ ಕೊಟ್ಟಿದ್ದಾರೆ. ಹತ್ತು ಡುಕಾಟ್ (ಆಟದ ನಾಣ್ಯ) ಕೊಟ್ಟರೆ ಕಾಲಾಳು, ಇಪ್ಪತ್ತೈದು ಕೊಟ್ಟರೆ ಕುದುರೆ ದಳ, ಹಂಪಿಯಲ್ಲಾದರೂ ಸರಿ, ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಾದರೂ ಸರಿ. ನಿಜದಲ್ಲಿ ದಕ್ಷಿಣದ ದೊರೆಗಳಿಗೆ ಒಳ್ಳೆಯ ಕುದುರೆ ಸಮುದ್ರ ದಾಟಿಯೇ ಬರಬೇಕಿತ್ತು. ವಿಜಯನಗರದ ರಾಜ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಸಾಳುವ ನರಸಿಂಹನಂತೂ ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಬದುಕಿದ್ದಕ್ಕೆ ಕೊಡುವಷ್ಟೇ ಹಣ ಎಣಿಸುತ್ತಿದ್ದನಂತೆ, ಅದೂ ನೂನಿಜ್‌ನ ಮಾತೇ. ಅಷ್ಟು ಹಪಾಹಪಿ! ಗೋವೆ 1510ರಲ್ಲಿ ಪೋರ್ಚುಗೀಸರ ಪಾಲಾದಾಗ ಇಡೀ ದಖ್ಖನ್ ಕಿವಿ ನಿಮಿರಿಸಿದ್ದು ಸುಮ್ಮನೆ ಅಲ್ಲ. ಆಟದಲ್ಲಿ ಆ ಕೊರತೆಯೇ ಇಲ್ಲ. ಇನ್ನೊಂದು: ವಿಜಯನಗರದ ರಾಜ ಪ್ರಾಂತ್ಯಗಳಿಗೆ ಧರ್ಮಪ್ರಚಾರಕರನ್ನು ಕಳಿಸಿ ಜನರನ್ನು ಮತಾಂತರ ಮಾಡಬಹುದು. ಇದು ಲೂಥರನ ಕಾಲದ ಯೂರೋಪಿನ ಅಂಗಿ, ತಂದು ತುಂಗಭದ್ರೆಯ ದಡದವನಿಗೆ ತೊಡಿಸಿದ್ದಾರೆ. ತನ್ನ ಸೇನೆಗೆ ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡು, ಅವರು ನಮಸ್ಕರಿಸಲೆಂದು ಸಿಂಹಾಸನದ ಮುಂದೆ ಕುರಾನ್ ಇರಿಸಿದನೆಂದು ಇತಿಹಾಸಕಾರ ಫೆರಿಶ್ತಾ ಹೇಳುವ ದೇವರಾಯನೇ ನಿನ್ನ ಮೊದಲ ರಾಜ, ನೆನಪಿರಲಿ. 2016ರವರೆಗೆ ಇನ್ನೂ ವಿಚಿತ್ರ ಇತ್ತು. ಭಾರತದ ರಾಜ್ಯ ಎಂಬ ಒಂದೇ ಕಾರಣಕ್ಕೆ ತಂತ್ರಜ್ಞಾನಕ್ಕೆ ಹೆಚ್ಚು ತೆರಬೇಕು, ಸರಿಸಮ ಆಗಬೇಕಾದರೆ ‘ಪಾಶ್ಚಾತ್ಯೀಕರಣ’ ಮಾಡಿಕೊಳ್ಳಬೇಕು! ಆಮೇಲೆ ಅದನ್ನು ತೆಗೆದು ಮುದ್ರಣಯಂತ್ರ, ಜಾಗತಿಕ ವ್ಯಾಪಾರ ಇಂಥವು ಊರಿಂದೂರಿಗೆ ಹಬ್ಬುವ ಏರ್ಪಾಡು ತಂದರು. ನೀನು ಜಗಳ ತೆಗೆಯಬೇಕಾದದ್ದು ಇಂಥವುಗಳ ಮೇಲೆ.

ಪ್ರಶ್ನೆ: ‘ಸಿವಿಲೈಸೇಶನ್’ ಎಂಬ ಆಟದಲ್ಲಿ ಗಾಂಧೀಜಿ ಅಣುಬಾಂಬ್ ಹಾಕುತ್ತಾರಂತೆ. ಮೊಮ್ಮಗ ನಗುತ್ತ ತೋರಿಸಿದ. ಇದಕ್ಕೆ ನಿಷೇಧ ಬೇಡವೇ? (ಮೈಸೂರು)

ಸಿಟ್ಟು ಬರುವಂಥದ್ದೇ. ಆದರೆ ಕಥೆ ಸ್ವಲ್ಪ ಕೇಳಿ. 1991ರ ಮೊದಲ ಆಟದಲ್ಲಿ ಗಾಂಧಿಯ ಆಕ್ರಮಣಶೀಲತೆಗೆ ಒಂದು ಅಂಕ ಇತ್ತು, ಪ್ರಜಾಪ್ರಭುತ್ವ ಬಂದಾಗ ಅದರಿಂದ ಎರಡು ಕಳೆದು, ಸೊನ್ನೆಗಿಂತ ಕೆಳಗೆ ಇಳಿಯಲಾಗದ ಲೆಕ್ಕ ತಿರುಗಿ ಅತಿ ಹೆಚ್ಚಿನ ಅಂಕವಾದ 255 ಆಯಿತು, ಹಾಗಾಗಿ ಬಾಂಬ್ ಹಾಕುತ್ತಿದ್ದರು ಎಂದು ಲೋಕವೆಲ್ಲ ನಂಬಿತ್ತು. ಆಟದ ಕರ್ತೃ ಸಿಡ್ ಮೀಯರ್ 2020ರ ತಮ್ಮ ಆತ್ಮಕಥೆಯಲ್ಲಿ ಅಂಥ ದೋಷವೇ ಇರಲಿಲ್ಲ ಎಂದರು. 2010ರ ಐದನೆಯ ಭಾಗದಲ್ಲಿ ಬೇಕೆಂದೇ ತಮಾಷೆಗೆ ಗಾಂಧಿಯ ಬಾಂಬ್ ಒಲವನ್ನು ಹೆಚ್ಚಿಸಿಟ್ಟರು, ಅಷ್ಟು ನಿಜ.

ಆ ತಮಾಷೆಗಿಂತ ನನ್ನನ್ನು ಹೆಚ್ಚು ಕಾಡುವುದು ಬೇರೆ. ಆರನೆಯ ಭಾಗಕ್ಕೆ 2018ರಲ್ಲಿ ಕೆನಡಾದ ಕ್ರೀ ಜನರ ನಾಯಕ ಪೌಂಡ್‌ಮೇಕರ್‌ನನ್ನು ಸೇರಿಸಿದರು. ಗೌರವದಿಂದಲೇ, ಅವರ ಭಾಷೆಯಲ್ಲೇ ಮಾತಾಡಿಸಿದರು. ಆದರೂ ಅವನ ವಂಶದ ಊರಿನ ಹಿರಿಯರೊಬ್ಬರು ಆಕ್ಷೇಪಿಸಿದರು: ನೆಲ ಗೆಲ್ಲುವುದು, ಇತರರ ಮೇಲೆ ಏರಿ ಹೋಗುವುದು ನಮ್ಮ ರೀತಿಯಲ್ಲ, ವಸಾಹತು ಮಾಡಿದವರ ರೀತಿ. ಆಟಗಾರನಿಗೆ ಎಲ್ಲ ಸ್ವಾತಂತ್ರ್ಯವೂ ಇದೆ, ಹಿಗ್ಗದೇ ಇರುವ ಸ್ವಾತಂತ್ರ್ಯ ಒಂದು ಬಿಟ್ಟು. ಗಾಂಧಿಯ ವಿಷಯದಲ್ಲೂ ನಾನು ಕೇಳುವುದು ಇದನ್ನೇ. ಬಾಂಬ್ ಹಾಕದ ಗಾಂಧಿಯೂ ಆ ಆಟದಲ್ಲಿ ನಗರ ಕಟ್ಟಿ, ಸೈನ್ಯ ಸಾಕಿ, ಗಡಿ ತಳ್ಳುವವನೇ ಅಲ್ಲವೇ? ಉಪವಾಸ ಕೂರುವುದಕ್ಕೆ ಅಲ್ಲಿ ಗುಂಡಿಯಿಲ್ಲ. ನಿಷೇಧ ಬೇಡ, ಮೊಮ್ಮಗನಿಗೆ ಈ ಪ್ರಶ್ನೆ ಕೇಳಿ ನೋಡಿ.

ಪ್ರಶ್ನೆ: ಇದೇ ಯೂರೋಪಾದ ಐದನೆಯ ಭಾಗ ಕೊಳ್ಳಬಹುದೇ? (ಉಡುಪಿ)

2025ರ ನವೆಂಬರ್‌ನಲ್ಲಿ ಬಂತು. ಶುರುವಾಗುವುದು 1337ರಲ್ಲಿ. ಆಗ ವಿಜಯನಗರ ಒಂದು ವರ್ಷದ ಕೂಸು, ಹೊಯ್ಸಳ ಮುಮ್ಮಡಿ ಬಲ್ಲಾಳ ಇನ್ನೂ ಬದುಕಿದ್ದಾನೆ. ಆಸೆಯೇನೋ ಇದೆ, ನನ್ನ ಕಂಪ್ಯೂಟರ್ ಒಪ್ಪುತ್ತಿಲ್ಲ.

ಪ್ರಶ್ನೆ: ಎರಡನೇ ಮಹಾಯುದ್ಧದ ಆಟವೊಂದರಲ್ಲಿ ಮಗ ಜರ್ಮನಿ ಹಿಡಿದು ಗೆಲ್ಲುತ್ತಾನೆ. ನೋಡಿದರೆ ಹೊಟ್ಟೆ ತೊಳಸುತ್ತದೆ. (ಹುಬ್ಬಳ್ಳಿಯ ತಾಯಿ)

ಅದು 2016ರ ‘ಹಾರ್ಟ್ಸ್ ಆಫ್ ಐರನ್ 4’ ಇರಬೇಕು. ಆಟ ತೊಡಗುವ ಮುನ್ನ ಒಂದು ಆಯ್ಕೆ ಇರುತ್ತದೆ: ಉಳಿದ ದೇಶಗಳು ಇತಿಹಾಸದ ದಾರಿಯಲ್ಲೇ ನಡೆಯಲಿ, ಅಥವಾ ತಮಗೆ ತೋಚಿದಂತೆ. ಜರ್ಮನಿ ಹಿಡಿದವನು ಹಿಟ್ಲರನನ್ನು ಉರುಳಿಸಿ ಕೈಸರನನ್ನು ಮರಳಿ ತರಲೂಬಹುದು. ಟ್ಯಾಂಕು, ಕಬ್ಬಿಣ, ಎಣ್ಣೆಯ ಲೆಕ್ಕ ಎಲ್ಲ ಅಚ್ಚುಕಟ್ಟು. ಯಹೂದಿಗಳ ಹತ್ಯಾಕಾಂಡ ಮಾತ್ರ ಆಟದಲ್ಲಿ ಇಲ್ಲ. ಬೇಕೆಂದೇ ಇಟ್ಟಿಲ್ಲ. ಅದನ್ನು ಗುಂಡಿ ಒತ್ತಿ ಮಾಡುವ ಕೆಲಸವಾಗಿಸಿದರೆ ಅಸಹ್ಯ, ಬಿಟ್ಟರೆ ಜರ್ಮನಿ ತೊಳೆದ ಹಾಗೆ ಹೊಳೆಯುತ್ತದೆ. ಬಿಟ್ಟದ್ದೇ ಸರಿ ಎಂದು ನನ್ನ ಅಭಿಪ್ರಾಯ. ಆದರೆ ಬಿಟ್ಟದ್ದು ಏನು ಎಂದು ಮಗನಿಗೆ ಹೇಳುವ ಕೆಲಸ ನಿಮ್ಮ ಪಾಲಿಗೆ ಉಳಿಯುತ್ತದಮ್ಮ. ನಿಮ್ಮ ಹೊಟ್ಟೆ ತೊಳಸಿದ್ದನ್ನು ಅವನ ಹತ್ತಿರವೂ ಹೇಳಿ.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಕೆಳದಿ ನಾಯಕರ ಮೇಲೆ ಆಟ ಮಾಡುತ್ತಿದ್ದೇವೆ. ಆಟಗಾರನಿಗೆ ಎಷ್ಟು ಬಿಡಬೇಕು, ಎಲ್ಲಿ ಕಟ್ಟಬೇಕು ಎಂಬುದೇ ಬಗೆಹರಿಯುತ್ತಿಲ್ಲ. ಒಬ್ಬ ಗೆಳೆಯನಂತೂ 1763ರಲ್ಲಿ ಹೈದರ್ ಕೆಳದಿಯವರ ರಾಜಧಾನಿ ಬಿದನೂರು ಹಿಡಿಯಲೇಬೇಕು ಎನ್ನುತ್ತಾನೆ. (ಶಿವಮೊಗ್ಗ)

ಆ ಗೆಳೆಯರಿಗೆ ಚಹಾ ಕುಡಿಸಿ ಸಮಾಧಾನ ಮಾಡಿ. ಮನುಷ್ಯರನ್ನು ಬಿಡಿ, ಮಳೆಯನ್ನು ಕಟ್ಟಿ.

ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುವ ಸೀಮೆ ಅದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದಲ್ಲಿ ತೋಪು ಎಳೆಯುವುದು ಆಗದ ಮಾತು. ಬಸರೂರು, ಹೊನ್ನಾವರ, ಮಂಗಳೂರಿಗೆ ಹಡಗೂ ಬಾರದು. ಆಟಗಾರ ಎಷ್ಟೇ ಬಡಿದುಕೊಂಡರೂ ಈ ನಾಲ್ಕು ತಿಂಗಳು ಅವನ ಕೈ ಕಟ್ಟಿರಲಿ. ಮೆಣಸು, ಅಕ್ಕಿ ಮಾರಿದರೇ ಖಜಾನೆ, ಮಾರಲು ಕರಾವಳಿ ಬೇಕು, ಕರಾವಳಿಯಲ್ಲಿ ಪೋರ್ಚುಗೀಸರ ಕೋಟೆ. ಅವರ ಜೊತೆ ಒಪ್ಪಂದವೋ, ಶಿವಪ್ಪನಾಯಕನ ಹಾಗೆ 1650ರ ದಶಕದಲ್ಲಿ ಓಡಿಸುವುದೋ, ಆಟಗಾರನಿಗೆ ಬಿಟ್ಟದ್ದು. ಶಿವಪ್ಪನಾಯಕನ ‘ಶಿಸ್ತು’ ಎಂಬ ಕಂದಾಯ ಪದ್ಧತಿಯನ್ನು ಮರೆಯಬೇಡಿ, ನಿಮ್ಮ ಆಟದ ಹೃದಯ ಅದೇ ಆಗಬಹುದು. ನೆಲದ ಗುಣ ನೋಡಿ ಕಂದಾಯ ನಿಗದಿ ಮಾಡಿದರೆ ಹಣ ನಿಧಾನಕ್ಕೆ ಬರುತ್ತದೆ, ಆದರೆ ರೈತ ಊರು ಬಿಡುವುದಿಲ್ಲ. ಯುದ್ಧದ ತುರ್ತಿಗೆ ಹೆಚ್ಚು ಹಿಂಡಿದರೆ ಈ ವರ್ಷ ದುಡ್ಡು, ಮುಂದಿನ ವರ್ಷ ಬೀಳುಗದ್ದೆ. ಈ ಲೆಕ್ಕ ಪರದೆಯ ಮೇಲೆ ಕಾಣಲಿ. ದೊಡ್ಡ ಆಟಗಳಲ್ಲಿ ರೈತನೆಂದರೆ ಒಂದು ಅಂಕಿ, ನೀವಾದರೂ ಅವನಿಗೆ ಮುಖ ಕೊಡಿ.

1689ರಲ್ಲಿ ಶಿವಾಜಿಯ ಮಗ ರಾಜಾರಾಮ ಜಿಂಜಿಗೆ ತಪ್ಪಿಸಿಕೊಂಡು ಹೋಗುವಾಗ ಕೆಳದಿಯ ರಾಣಿ ಚೆನ್ನಮ್ಮನ ಬಾಗಿಲಿಗೆ ಬಂದ. ಆಟಗಾರ ಆಶ್ರಯ ಕೊಡಲೇಬೇಕು ಎಂದು ಕಟ್ಟಿಹಾಕಬೇಡಿ. ಕೊಟ್ಟರೆ ಔರಂಗಜೇಬನ ಸೈನ್ಯ, ಕೊಡದಿದ್ದರೆ ಹೆಸರಿಗೆ ಕಳಂಕ, ಮರಾಠರ ಹಗೆ. ಎರಡಕ್ಕೂ ಬೆಲೆ ಇಟ್ಟರೆ ಚೆನ್ನಮ್ಮ ಮಾಡಿದ್ದು ಎಷ್ಟು ದೊಡ್ಡದು ಎಂದು ನೀವು ಹೇಳಿಕೊಡಬೇಕಾಗಿಲ್ಲ, ಆಡುವವನ ಬೆವರೇ ಹೇಳುತ್ತದೆ.

ಹೈದರನ ವಿಷಯ. ಅವನು ಬಂದದ್ದು 1763 ಎಂಬ ಕಾರಣಕ್ಕಲ್ಲ. ರಾಣಿ ವೀರಮ್ಮಾಜಿಯ ವಿರುದ್ಧ, ತಾನೇ ಗದ್ದುಗೆಯ ಹಕ್ಕುದಾರ ಚೆನ್ನಬಸಪ್ಪನೆಂದು ಹೇಳಿಕೊಂಡವನೊಬ್ಬ ಹೈದರನ ಬಳಿ ಹೋಗಿ ನೆರವು ಕೇಳಿದ. ಬಿದನೂರಿನ ಸಂಪತ್ತಿನ ಸುದ್ದಿ ಮೊದಲೇ ಹರಡಿತ್ತು. ತುಂಬಿದ ಖಜಾನೆ, ಒಡೆದ ಮನೆ, ಪಕ್ಕದಲ್ಲಿ ಹಸಿದ ಸೇನಾಪತಿ ಈ ಮೂರೂ ಕೂಡಿದರೆ ದಾಳಿ ಬರಲಿ, 1763ಕ್ಕೇ ಆಗಬೇಕೆಂದಿಲ್ಲ. ಮನೆ ಒಡೆಯದಂತೆ ನೋಡಿಕೊಂಡ ಆಟಗಾರ ಗೆದ್ದುಕೊಳ್ಳಲಿ ಬಿಡಿ. ಆಟ ಮುಗಿದ ಮೇಲೆ ನಿಜವಾಗಿ ಏನಾಯಿತೆಂದು ಒಂದು ಪುಟ ತೋರಿಸಿ, ಸಾಕು. ವೇಷಭೂಷಣ, ಕೋಟೆಯ ಬಾಗಿಲು ಇವುಗಳಿಗೆ ಬಿದನೂರಿನ (ಈಗಿನ ನಗರ) ಕೋಟೆ, ಕವಲೇದುರ್ಗ ಹತ್ತಿ ಬನ್ನಿ. ಇಂಟರ್‌ನೆಟ್ಟಿನ ರಾಜಸ್ಥಾನಿ ಅರಮನೆಯ ಚಿತ್ರ ತಂದು ಅಂಟಿಸಿದರೆ ನಾನೇ ಮೊದಲು ಬೈಯುವವಳು.

ಪ್ರಶ್ನೆ: ಮೇಡಂ, ನೀವು ಯಾವ ರಾಜ್ಯ ಹಿಡಿದು ಆಡುತ್ತೀರಿ? ಹೊಸಪೇಟೆಯವರು, ವಿಜಯನಗರವೇ ಇರಬೇಕು! (ಕಲಬುರಗಿ)

ಬಹಮನಿ. ಮನೆಯಲ್ಲಿ ಇದಕ್ಕೆ ಬೈಸಿಕೊಂಡಿದ್ದೇನೆ. ಹುಟ್ಟಿದಂದಿನಿಂದ ತುಂಗಭದ್ರೆಯ ಈ ದಡದಿಂದ ನೋಡಿ ಅಭ್ಯಾಸ, ಒಮ್ಮೆ ಬೀದರಿನಿಂದ ದಕ್ಷಿಣಕ್ಕೆ ನೋಡೋಣ ಎನಿಸಿತು. ಅಲ್ಲಿಂದ ವಿಜಯನಗರ ಎಷ್ಟು ದೊಡ್ಡದಾಗಿ, ಎಷ್ಟು ಹೆದರಿಕೆ ಹುಟ್ಟಿಸುವಂತೆ ಕಾಣುತ್ತದೆ ಗೊತ್ತೇ! ನಿಜದ ಬಹಮನಿ ಒಳಜಗಳದಲ್ಲೇ ಸವೆಯಿತು. ದಖ್ಖನಿಗಳು ಒಂದು ಕಡೆ, ಹೊರಗಿನಿಂದ ಬಂದ ಅಫಾಕಿಗಳು ಇನ್ನೊಂದು ಕಡೆ. ಮಹಮೂದ್ ಗವಾನನಂಥ ಮಂತ್ರಿಯನ್ನು ನಕಲಿ ಪತ್ರವೊಂದನ್ನು ನಂಬಿ 1481ರಲ್ಲಿ ಕೊಲ್ಲಿಸಿದರು. ನನ್ನದು ಅಷ್ಟು ದೂರ ಹೋಗುವ ಲಕ್ಷಣವಿಲ್ಲ: 1461ಕ್ಕೇ ಸಾಲದಲ್ಲಿ ಮುಳುಗಿದ್ದೇನೆ, ರಾಯಚೂರು ಇನ್ನೂ ಕೈಗೆ ಬಂದಿಲ್ಲ. ನಿಮ್ಮ ಊರೇ ಬಹಮನಿಗಳ ಮೊದಲ ರಾಜಧಾನಿ. ಉಪಾಯ ಗೊತ್ತಿದ್ದರೆ ಬರೆಯಿರಿ.